ಪಂಕಜಳ ಮೊದಲ ಪ್ಯಾಂಟು

ಐವತ್ತು ದಾಟಿದ ಮೇಲೆ ಪಂಕಜಳಿಗೆ ಪ್ಯಾಂಟು ಹಾಕಿಕೊಳ್ಳುವ ಆಸೆ ಬಂತು. ಚಿಕ್ಕಬಳ್ಳಾಪುರದ ಒಂದು ಕಾಲೇಜಿನ ಕಚೇರಿಯಲ್ಲಿ ಅವಳಿಗೆ ಕೆಲಸ. ಸ್ಕೂಟರಿನ ಮೇಲೆ ಸೀರೆ ಸಂಭಾಳಿಸಿ ಸಾಕಾಗಿತ್ತು. ಅಂಗಡಿಯ ಪ್ಯಾಂಟುಗಳು ತೊಡೆಗೆ ಸರಿಯಾದರೆ ಸೊಂಟದಲ್ಲಿ ಜೋಲುತ್ತಿದ್ದವು. ಮನೆಯಲ್ಲಿ ಮಿಷನ್ ಇತ್ತು, ರವಿಕೆ ಹೊಲಿದು ಕೈ ಪಳಗಿತ್ತು. ಕಡುನೀಲಿ ಕಾಟನ್ ತಂದು ತಾನೇ ಕತ್ತರಿಸಿ ಕಾಲುಗಳನ್ನು ಕೂಡಿಸಿದಳು. ತೊಟ್ಟು ನೋಡಿದರೆ ಬೆನ್ನ ಕೆಳಗೆ ಬಟ್ಟೆ ಚೀಲದ ಬಾಯಿಯಂತೆ ತೆರೆದುಕೊಂಡಿತ್ತು.

ಅದೇ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಲಾವಣ್ಯ ತನ್ನ ಬಟ್ಟೆಗಳನ್ನು ತಾನೇ ಹೊಲಿದುಕೊಳ್ಳುತ್ತಿದ್ದಳು. ಪಂಕಜ ಅವಳ ಬಳಿ ತನ್ನ ಪಾಡು ಹೇಳಿಕೊಂಡಳು. "ಡಾರ್ಟ್ ಹಿಡೀಬೇಕು ಮೇಡಂ. ಭಾನುವಾರ ಬಂದು ತೋರಿಸ್ತೀನಿ," ಎಂದಳು.

ಹೇಳಿದಂತೆ ಬಂದಳು. ಪಂಕಜಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಹಿಂದೆ ಹೆಚ್ಚಾದ ಬಟ್ಟೆಯನ್ನು ಎರಡೂ ಕಡೆ ಡಾರ್ಟಿನ ಮಡಿಕೆ ಹಿಡಿದು ಗುಂಡುಪಿನ್ನು ಚುಚ್ಚಿದಳು.

"ಮೇಲೆ ಅಗಲ, ಕೆಳಗೆ ಹೋಗ್ತಾ ಚೂಪಾಗ್ಬೇಕು. ತುದೀಲಿ ದಾರ ಗಂಟು ಹಾಕಿ. ಇಲ್ದಿದ್ರೆ ಗುಳ್ಳೆ ಥರ ಎದ್ದಿರುತ್ತೆ."

ಪಂಕಜಳಿಗೆ ಕಚಗುಳಿಯಾಗಿ ನಗು ಬಂತು. ಆ ಸದ್ದಿಗೆ ಅವಳ ಗಂಡ ಸುಧೀಂದ್ರ ಪೇಪರ್ ಮಡಿಸಿಕೊಂಡು ಬಾಗಿಲಿಗೆ ಬಂದ. ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತನಾದವನು.

"ಯಾವೂರಮ್ಮ ನಿಮ್ದು?"

"ಕೆಂಚಾರ್ಲಹಳ್ಳಿ ಸರ್, ಚಿಂತಾಮಣಿ ತಾಲ್ಲೂಕು."

"ಅಲ್ಲಿ ಯಾರ ಪೈಕಿ?"

ಲಾವಣ್ಯ ಬಾಯಲ್ಲಿದ್ದ ಪಿನ್ನು ತೆಗೆದಳು. "ವೆಂಕಟರವಣಪ್ಪ ಅವರ ಮಗಳು. ಮನೇಲಿ ಅಂಬೇಡ್ಕರ್ ಫೋಟೋ, ಬುದ್ಧನ ಫೋಟೋ ಇದೆ. ನೀವು ಕೇಳಿದ್ದು ಅದನ್ನೇ ಅಲ್ವಾ ಸರ್?"

"ಛೆ ಛೆ, ನಮ್ಮಲ್ಲಿ ಅದೆಲ್ಲ ಇಲ್ಲಮ್ಮ," ಎಂದ ಸುಧೀಂದ್ರ. ಎಂದೂ ಅಡುಗೆಮನೆ ಹೊಗದವನು ತಾನೇ ಕಾಫಿ ಬೆರೆಸಿ ತಂದ. ಪಂಕಜಳಿಗೆ ಗಂಡನ ಬಗ್ಗೆ ಹೆಮ್ಮೆಯೆನಿಸಿತು.

ಮಧ್ಯಾಹ್ನವೆಲ್ಲ ಸೊಂಟದ ಪಟ್ಟಿಯ ಕೆಲಸ. ಪಟ್ಟಿ ಗಟ್ಟಿ ನಿಲ್ಲಲು ಒಳಗೆ ಕ್ಯಾನ್ವಾಸ್ ಇಟ್ಟು ಇಸ್ತ್ರಿ ಒತ್ತಿದರು. ಲಾವಣ್ಯ ಮಿಷನ್ ತುಳಿದಳು. ಒಳ ಅಂಚನ್ನು ಪಂಕಜ ಕೈಯಲ್ಲಿ ಹೊಲಿದಳು. ತೊಟ್ಟು ನೋಡಿದಾಗ ಪ್ಯಾಂಟು ಮೈಗೆ ಅಂಟಿದಂತೆ ಕೂತಿತ್ತು. ಅದನ್ನು ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಲಾವಣ್ಯಳನ್ನು ಚಿಂತಾಮಣಿ ಬಸ್ಸಿಗೆ ಹತ್ತಿಸಿ ಬಂದಳು.

ಬಾಗಿಲು ತೆರೆಯುತ್ತಲೇ ನಾತ ಮೂಗಿಗೆ ಹೊಡೆಯಿತು. ಪ್ಯಾಂಟಿನ ಸೊಂಟಪಟ್ಟಿ ಒದ್ದೆಯಾಗಿತ್ತು. ಮಿಷನ್ನಿನ ಹಲಗೆಯ ಮೇಲೂ ಹಳದಿ ಹನಿಗಳಿದ್ದವು.

"ಏನಿದು?"

"ಸ್ವಲ್ಪ ಗೋಮೂತ್ರ ಅಷ್ಟೇ ಕಣೇ. ಹುಡುಗಿ ಒಳ್ಳೇವ್ಳೇ, ನಾನೇನೂ ಅನ್ನಲ್ಲ. ಆದ್ರೂ ಮೈಮೇಲೆ ಹಾಕ್ಕೊಳ್ಳೋ ಬಟ್ಟೆ ನೋಡು. ನೀನೂ ಒಂದ್ಸಲ ಸ್ನಾನ ಮಾಡಿಬಿಡು."

"ಅವಳ ಮುಂದೆ ಅದೆಲ್ಲ ಇಲ್ಲ ಅಂದ್ರಲ್ಲ."

"ಮುಖಕ್ಕೆ ಹೇಳೋಕಾಗುತ್ತಾ? ಬೇಜಾರಾಗಲ್ವಾ ಪಾಪ?"

ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿ ಅವಲಕ್ಕಿ ಮೆಲ್ಲುತ್ತ ಕೂತ. ತುಟಿಯ ಮೂಲೆಯಲ್ಲಿ ಒಂದು ಕಾಳು ಅಂಟಿತ್ತು. ನಾಲಿಗೆ ಹೊರಗೆ ಬಂದು ಅದನ್ನು ಎಳೆದುಕೊಂಡಿತು. ಮೂವತ್ತು ವರ್ಷ ತಾನು ಅನ್ನ ಬಡಿಸಿದ ಬಾಯಿ. ಪಂಕಜ ಒದ್ದೆ ಪ್ಯಾಂಟನ್ನು ಕೈಗೆತ್ತಿಕೊಂಡಳು.

"ಸ್ನಾನ ಮಾಡ್ತೀನಿ," ಎಂದಳು. "ನಿಮ್ಮ ಈ ನಾತ ಹೋಗೋಕೆ."

ಪ್ಯಾಂಟನ್ನು ಸೋಪು ಹಾಕಿ ಉಜ್ಜಿ ಉಜ್ಜಿ ಒಗೆದಳು. ಕ್ಯಾನ್ವಾಸ್ ಒಂದೆರಡು ಕಡೆ ಸುಕ್ಕು ಬಿತ್ತು. ಊಟಕ್ಕೆ ಕೂತ ಗಂಡನಿಗೆ, "ಬಡಿಸ್ಕೊಳ್ಳಿ," ಎಂದಷ್ಟೇ ಹೇಳಿ ಎದ್ದುಹೋದಳು.

ಮರುದಿನ ಅದನ್ನೇ ತೊಟ್ಟು ಕಾಲೇಜಿಗೆ ಹೋದಳು. ಲಾವಣ್ಯ ಸುತ್ತ ಬಂದು ನೋಡಿ, "ಚೆನ್ನಾಗಿ ಕೂತಿದೆ. ಆದ್ರೆ ಪಟ್ಟಿ ಯಾಕೆ ಸುಕ್ಕಾಯ್ತು?" ಎಂದಳು.

ಸುಳ್ಳು ಹೇಳಲು ಪಂಕಜಳಿಗೆ ಬಾಯಿ ಬರಲಿಲ್ಲ. ನಡೆದದ್ದೆಲ್ಲ ಹೇಳಿದಳು. ಲಾವಣ್ಯ ತಲೆಯಾಡಿಸಿದಳು.

"ಕಾಫೀನ ನಿಮ್ಮ ಕೈಗೆ ಕೊಟ್ರು. ನಂದನ್ನ ಮಿಷನ್ ಮೇಲಿಟ್ಟು ಹಿಂದೆ ಸರಿದ್ರು. ನಾನು ಆಗ್ಲೇ ಅಂದ್ಕೊಂಡೆ. ನೀವು ನೋಡ್ಲಿಲ್ವಾ?"

"ಇಲ್ಲ."

"ನಮಗೆ ಕಾಣುತ್ತೆ ಮೇಡಂ. ಇನ್ನು ನಿಮ್ಮನೆಗೆ ಬರಲ್ಲ."

"ಬರ್ಬೇಡ. ನಾನು ನಿಮ್ಮನೆಗೆ ಬರ್ಲಾ?"

ಲಾವಣ್ಯ ಪುಸ್ತಕ ಎತ್ತಿಕೊಂಡಳು. "ಅಮ್ಮನ್ನ ಕೇಳ್ತೀನಿ," ಎಂದು ಕ್ಲಾಸಿಗೆ ನಡೆದಳು.

ಸಂಜೆ ಬಾಗಿಲಲ್ಲೇ ಸುಧೀಂದ್ರ ಎದುರಾದ. "ಪ್ಯಾಂಟು ಒಪ್ಪುತ್ತೆ ಕಣೇ ನಿಂಗೆ," ಎಂದು ನಗುತ್ತ ಸೊಂಟಕ್ಕೆ ಕೈ ಹಾಕಿದ. ಮೈಮೇಲೆ ಹಲ್ಲಿ ಬಿದ್ದವಳಂತೆ ಪಂಕಜ ಕೊಡವಿಕೊಂಡಳು.

ಗೌರಿಬಿದನೂರಿಗೆ ಮದುವೆಯಾಗಿ ಹೋದ ಮಗಳು ಅಕ್ಷಯಾಳ ಕೋಣೆ ಖಾಲಿಯಿತ್ತು. ಮೊದಲು ಮಿಷನ್ನನ್ನು ಅಲ್ಲಿಗೆ ತಳ್ಳಿಕೊಂಡು ಹೋದಳು. ಆಮೇಲೆ ಹಾಸಿಗೆ ಎಳೆದುಕೊಂಡಳು.

"ಅಷ್ಟಕ್ಕೇ ಇಷ್ಟೆಲ್ಲಾ ಬೇಕಾ?" ಎಂದು ಸುಧೀಂದ್ರ ಹಿಂದೆಯೇ ಬಂದ.

ಪಂಕಜ ಒಳಗಿನಿಂದ ಚಿಲಕ ಹಾಕಿಕೊಂಡಳು.