ಒಳಗಿನ ಒಂದು ಇಂಚು

ನಾನು ಒಂದು ಕಬ್ಬಿಣದ ಚೌಕಟ್ಟು. ವಿಮಾನ ಹತ್ತುವವರ ಕೈಚೀಲ ದೊಡ್ಡದೋ ಸಣ್ಣದೋ ಎಂದು ನೋಡಲು ಬಾಗಿಲ ಪಕ್ಕ ಒಂದು ಪೆಟ್ಟಿಗೆ ಇಟ್ಟಿರುತ್ತಾರಲ್ಲ, ಮೇಲೆ ತೆರೆದ ಬಾಯಿ, ಕೆಳಗೆ ತಗಡಿನ ತಳ, ಅದೇ ನಾನು. ಕೆಲವರು ನನ್ನನ್ನು ಪೆಟ್ಟಿಗೆ ಎಂದು ಕರೆದರು, ಕೆಲವರು ಪಂಜರ ಎಂದರು. ದಂಡ ತೆತ್ತವರು ಏನೆಂದು ಕರೆದರು ಎಂಬುದನ್ನು ಇಲ್ಲಿ ಹೇಳುವುದು ಬೇಡ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ವೆಲ್ಡಿಂಗ್ ಶಾಪಿನಲ್ಲಿ. ಹುಟ್ಟಿಸಿದವರು ಹಜರೇಸಾಬ ಮೇಸ್ತ್ರಿ. ಮೂವತ್ತು ವರ್ಷ ಕಿಟಕಿಯ ಗ್ರಿಲ್ಲು ಮಾಡಿ ಮಾಡಿ ಕಣ್ಣಿನ ರೆಪ್ಪೆ ಸುಟ್ಟುಕೊಂಡಿದ್ದ ಮನುಷ್ಯ. ಗ್ರಿಲ್ಲು ಗೋಡೆಯ ಕಿಂಡಿಯೊಳಗೆ ಹೋಗಿ ಕೂರಬೇಕು. ಹಾಗಾಗಿ ಹೊರಗಿನಿಂದ ಹೊರಗೆ ಅಳತೆ ಹಿಡಿಯುವುದು ಆ ಕಸುಬಿನ ಪದ್ಧತಿ. ವಿಮಾನ ಕಂಪನಿಯವರು ಕೊಟ್ಟ ಚೀಟಿಯಲ್ಲಿ ಮೂರು ಅಂಕಿಗಳಿದ್ದವು, ಬೇರೇನೂ ಇರಲಿಲ್ಲ. ಇದರೊಳಗೆ ಚೀಲ ಕೂರಬೇಕು ಎಂದು ಮೇಸ್ತ್ರಿಗೆ ಒಬ್ಬರೂ ಹೇಳಲಿಲ್ಲ. ಅವರು ಬಿಸ್ಮಿಲ್ಲಾ ಎಂದು ಪೈಪು ಕತ್ತರಿಸಿದರು. ಆ ಕಡೆ ಅರ್ಧ ಇಂಚಿನ ಪೈಪು, ಈ ಕಡೆ ಅರ್ಧ ಇಂಚಿನ ಪೈಪು. ಹೊರಗಿನಿಂದ ಅಳೆದರೆ ನಾನು ಕರಾರುವಾಕ್ಕು. ಒಳಗಿನಿಂದ ಅಳೆದರೆ ಒಂದು ಇಂಚು ಕಡಿಮೆ.

ಈ ಸಂಗತಿ ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ನನಗೆ ಬಾಯಿ ಇದೆ, ಮಾತಿಲ್ಲ. ಏನು ಮಾಡಲಿ?

ಮೊದಲು ನನ್ನನ್ನು ಕೊಂಡವರದು ಒಂದು ಸಣ್ಣ ಕಂಪನಿ. ಅವರ ವಿಮಾನವೂ ಸಣ್ಣದು, ರೆಕ್ಕೆಗೆ ಪಂಖ ಇದ್ದದ್ದು. ನನಗೆ ಕೆಂಪು ಬಣ್ಣ ಬಳಿದು, ವಿಮಾನದ ಕಡೆ ಹೋಗುವ ಬಾಗಿಲ ಪಕ್ಕ ನಿಲ್ಲಿಸಿದರು. ಅಲ್ಲಿಯ ಹುಡುಗಿಯರಿಗೆ ನನ್ನ ಮೇಲೆ ನಂಬಿಕೆಯೇ ಇರಲಿಲ್ಲ. ಜನ ತಮ್ಮ ಕೂಸುಗಳನ್ನು ನನ್ನೊಳಗೆ ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಒಂದು ಕೂಸಂತೂ ನನ್ನ ತಳದಲ್ಲಿ ಉಚ್ಚೆ ಹೊಯ್ದು ನಕ್ಕಿತು. ನನ್ನ ಜೀವನದ ಸುಖದ ದಿನಗಳು ಎಂದರೆ ಅವೇ. ಎರಡು ವರ್ಷ ತುಂಬುವ ಮೊದಲೇ ಆ ಕಂಪನಿ ಬಾಗಿಲು ಹಾಕಿತು. ಕುರ್ಚಿ, ಫ್ಯಾನು, ನೀರಿನ ಫಿಲ್ಟರಿನ ಜೊತೆಗೆ ನನ್ನನ್ನೂ ಇನ್ನೊಂದು ಕಂಪನಿ ಕೊಂಡಿತು. ಕೆಂಪಿನ ಮೇಲೆ ನೀಲಿ ಬಣ್ಣ ಬಂತು. ತಲೆಯ ಮೇಲೆ ಒಂದು ಬೋರ್ಡು ಬಂತು. ಅದರಲ್ಲಿ ಅದೇ ಮೂರು ಅಂಕಿಗಳು.

ಈ ಎರಡನೆಯವರ ಟಿಕೇಟು ಅಗ್ಗ. ಸ್ಲೀಪರ್ ಬಸ್ಸಿಗಿಂತ ಅಗ್ಗ ಎಂದು ಗೋಡೆಯ ತುಂಬ ಬರೆಸಿದ್ದರು. ಅದು ಸುಳ್ಳಲ್ಲ. ಆದರೆ ಕೂರುವ ಜಾಗ ಆರಿಸಿಕೊಂಡರೆ ದುಡ್ಡು, ಗಂಡ ಹೆಂಡತಿ ಒಟ್ಟಿಗೆ ಕೂರಬೇಕೆಂದರೆ ದುಡ್ಡು, ಒಂದು ಕಪ್ ಚಹಾ ಕುಡಿದರೆ ದುಡ್ಡು, ಮನಸ್ಸು ಬದಲಾಯಿಸಿದರೆ ಎಲ್ಲಕ್ಕಿಂತ ಹೆಚ್ಚು ದುಡ್ಡು. ಅವರೇ ವಿಮಾನ ರದ್ದು ಮಾಡಿದರೆ ಮಾತ್ರ ಮೊಬೈಲಿಗೆ ಒಂದು ಸಾಲಿನ ಕ್ಷಮೆ. ಇಷ್ಟರಲ್ಲೂ ಪಾರಾಗಿ ಬಂದವರಿಗೆ ಕೊನೆಯ ಬಾಗಿಲಲ್ಲಿ ನಾನಿದ್ದೆ. ನನ್ನನ್ನು ಅಲ್ಲಿಯೇ ನಿಲ್ಲಿಸಿದ್ದೂ ಸುಮ್ಮನೆ ಅಲ್ಲ. ಕಳಿಸಲು ಬಂದ ಬಳಗ ಅಷ್ಟು ಹೊತ್ತಿಗೆ ಮನೆಗೆ ಹೋಗಿರುತ್ತದೆ. ಹೆಚ್ಚಾದ ಸಾಮಾನನ್ನು ಯಾರ ಕೈಗೆ ಕೊಡುವುದು? ಜನ ಅಂಗಿಯ ಮೇಲೆ ಅಂಗಿ ಹಾಕಿಕೊಂಡರು, ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ಚೀಲವನ್ನು ಮೊಣಕಾಲಿನಿಂದ ಒತ್ತಿದರು. ಆಮೇಲೆ ಗೊಣಗುತ್ತ ದುಡ್ಡು ಕೊಟ್ಟರು. ಕೊಟ್ಟದ್ದು ಎಷ್ಟೋ ಸಲ ಟಿಕೇಟಿಗಿಂತ ಹೆಚ್ಚಾಗುತ್ತಿತ್ತು. ಒಬ್ಬರಾದರೂ ನನ್ನನ್ನು ಅಳೆದು ನೋಡಲಿಲ್ಲ. ಕಬ್ಬಿಣ ಎಂದರೆ ಜನಕ್ಕೆ ಅಷ್ಟು ನಂಬಿಕೆ.

ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ನೀಲಗಂಗಾ ಹೊಸಮನಿ. ಇಪ್ಪತ್ತಾರು ವರ್ಷದ, ಬೆಳಗಿನಿಂದ ನಿಂತೇ ಇದ್ದು ಹಿಮ್ಮಡಿ ಒಡೆದ ಹುಡುಗಿ. ಕೆಳಗಿನಿಂದ ನೋಡುವ ನನಗೆ ಮೊದಲು ಕಾಣುವುದು ಹಿಮ್ಮಡಿಯೇ. ಗುತ್ತಿಗೆಯ ಮೇಲೆ ಬಂದವಳು, ಖಾಯಂ ಆಗುವುದಕ್ಕೆ ಕಾಯುತ್ತಿದ್ದಳು. ಖಾಯಂ ಆದವರಿಗೆ ವರ್ಷಕ್ಕೊಮ್ಮೆ ಮನೆಯವರಿಗೊಂದು ಪುಕ್ಕಟೆ ಟಿಕೇಟು ಸಿಗುತ್ತಿತ್ತು. ಮೇಲಿನ ದುಡ್ಡೆಲ್ಲ ಸೇರಿದರೆ ಅಗ್ಗದ ಟಿಕೇಟೂ ಗುತ್ತಿಗೆಯ ಸಂಬಳಕ್ಕೆ ಎಟುಕುವಂತಿರಲಿಲ್ಲ. ಅವಳಿಗೆ ಅದೊಂದೇ ಆಸೆ. ಅವಳ ತಾಯಿ ಬಸಲಿಂಗವ್ವ ವಿಮಾನ ನಿಲ್ದಾಣದ ಹತ್ತಿರದ ಶಾಲೆಯಲ್ಲಿ ಬಿಸಿಯೂಟದ ಅಡಿಗೆಯವಳು. ಪಾತ್ರೆ ತಿಕ್ಕುತ್ತ ತಲೆಯ ಮೇಲೆ ಹಾರುವ ವಿಮಾನ ನೋಡುವವಳು. ಬಸಲಿಂಗವ್ವನ ತಂಗಿ ಕಸ್ತೂರೆವ್ವ ಮುಂಬಯಿ ಸೇರಿ, ಅಕ್ಕತಂಗಿಯರು ಮುಖ ನೋಡಿ ಹನ್ನೆರಡು ವರ್ಷವಾಗಿತ್ತು. ಬಸಲಿಂಗವ್ವನಿಗೆ ಬೆನ್ನು ನೋವು, ಬಸ್ಸು ರೈಲು ಆಗುವುದಿಲ್ಲ. ಅವ್ವನನ್ನು ಒಂದು ಸಲ ವಿಮಾನದಲ್ಲಿ ಕಳಿಸಬೇಕು ಎಂದು ನೀಲಗಂಗಾ ಜೊತೆಯವಳ ಹತ್ತಿರ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಕೇಳಿ ಕೇಳಿ ನನಗೂ ಆ ಆಸೆ ಹತ್ತಿಬಿಟ್ಟಿತ್ತು.

ಅವಳ ಮೇಲಿನ ಸಾಹೇಬರು ಇನಾಮದಾರ. ಪ್ರತಿ ವಿಮಾನಕ್ಕೂ ಇಂತಿಷ್ಟು ಚೀಲ ಹಿಡಿಯಲೇಬೇಕು ಎಂದು ಅವರ ತಾಕೀತು. ಅವರಿಗೂ ಮೇಲಿನವರ ತಾಕೀತು ಇತ್ತು ಅನ್ನಿ. ನೀಲಗಂಗಾ ಹಿಡಿಯುತ್ತಿದ್ದಳು, ಆದರೆ ಮೆತ್ತಗೆ ಮಾತಾಡುತ್ತಿದ್ದಳು. ಸಿಟ್ಟಾದವರಿಗೆ ಕುರ್ಚಿ ಕೊಡುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ನಾಮದೇವ ಮಹೇಂದ್ರಕರ ಎಂಬ ದರ್ಜಿ ಬಂದರು. ಮುಂಬಯಿಯಲ್ಲಿ ಇರುವ ಮಗಳಿಗೆ ಏಳನೆಯ ತಿಂಗಳು. ಅದೇ ದಿನ ಮಧ್ಯಾಹ್ನ ಕುಬಸದ ಕಾರ್ಯ, ಅಂದರೆ ಸೀಮಂತ. ತವರಿನಿಂದ ಹಸಿರು ಸೀರೆ, ಕುಬಸ, ಬುತ್ತಿ ಹೋಗಬೇಕು, ಅದಿಲ್ಲದೆ ಕಾರ್ಯವಿಲ್ಲ. ಅವರ ಕೈಯಲ್ಲಿ ಕ್ಯಾನ್ವಾಸಿನ ಚೀಲ. ನಾಲ್ಕೂ ಕಡೆ ರಟ್ಟು ಕೊಟ್ಟು ಗಟ್ಟಿ ಹೊಲಿದದ್ದು. ಅದು ನನ್ನ ಬಾಯಿಗೆ ಬಂದು ಸಿಕ್ಕಿಕೊಂಡಿತು.

“ಹಿಡಿಸವಲ್ದು ನೋಡ್ರಿ ಕಾಕಾ,” ಎಂದಳು ನೀಲಗಂಗಾ.

“ಹಿಡಿಸಬೇಕವ್ವಾ. ಈ ಚೀಲಾ ನಾನ ಹೊಲದೇನಿ. ಹ್ವಾದ ಸಲ ಬಂದಾಗ ನಿಮ್ಮ ಬೋರ್ಡಿನ ಅಳತಿ ಬರಕೊಂಡು ಹೋಗಿ, ಒಂದು ನೂಲು ಆಚೀಚಿ ಆಗಧಂಗ ಹೊಲದೇನಿ.”

“ಏನರ ಹೆಚ್ಚುಕಡಿಮಿ ಆಗಿರಬೇಕ್ರಿ.”

ಮಹೇಂದ್ರಕರರು ಚೀಲವನ್ನು ಎತ್ತಿ ಪಕ್ಕಕ್ಕಿಟ್ಟರು. ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಕಿಸೆಯಿಂದ ಟೇಪು ತೆಗೆದು, ಬಗ್ಗಿ, ನನ್ನ ಒಳಗಿನಿಂದ ಒಳಗೆ ಹಿಡಿದರು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು.

“ನೋಡಿಲ್ಲೆ. ಬೋರ್ಡ್ ಏನ್ ಹೇಳತೈತಿ, ನಿನ್ನ ಪೆಟಗಿ ಏನ್ ಹೇಳತೈತಿ? ಒಂದು ಇಂಚು ಕಡಿಮಿ! ನಾ ಹಿಂಗ ಜಂಪರ್ ಹೊಲದುಕೊಟ್ರ ಹೆಣ್ಮಕ್ಕಳು ಮಾರಿಗೆ ಒಗದು ಹೋಗತಾರ.”

ನೀಲಗಂಗಾ ಟೇಪನ್ನು ತಾನೇ ಹಿಡಿದು ನೋಡಿದಳು. ಅಗಲ ನೋಡಿದಳು, ದಪ್ಪ ನೋಡಿದಳು. ಬೋರ್ಡಿನ ಅಂಕಿ ಓದಿ ಇನ್ನೊಂದು ಸಲ ಹಿಡಿದಳು. ಇನಾಮದಾರರು ಓಡಿ ಬಂದರು.

“ಏನವಾ ಅದು ಗದ್ಲಾ? ಹಿಡಿಸ್ತದೋ ಇಲ್ಲೋ, ಅಷ್ಟ ನೋಡು. ವಿಮಾನಕ್ಕ ಹೊತ್ತಾಗ್ಲಿಕ್ಕತ್ತದ.”

“ಸರ್, ಪೆಟಗೀನ ತಪ್ಪೈತ್ರಿ. ಒಳಗ ಒಂದಿಂಚು ಕಡಿಮಿ ಐತಿ.”

ಗಟ್ಟಿಯಾಗಿ ಹೇಳಿದಳು. ಸಾಲಿಗೆ ಸಾಲೇ ಕೇಳಿಸಿಕೊಂಡಿತು. ಮೊದಲೇ ದುಡ್ಡು ಕೊಟ್ಟು ಮುಂದೆ ಹೋಗಿದ್ದವರು ತಿರುಗಿ ಬಂದರು. ಗಲಾಟೆಯೋ ಗಲಾಟೆ. ದರ್ಜಿಯ ಚೀಲವನ್ನು ಅವಳೇ ಎತ್ತಿ ಅವರ ಕೈಗೆ ಕೊಟ್ಟು, “ಹೋಗ್ರಿ ಕಾಕಾ, ಮಗಳು ಕಾಯಾಕತ್ತಿರತಾಳ,” ಎಂದಳು. ವಿಮಾನ ಕಾಲು ಗಂಟೆ ತಡವಾಗಿ ಹೊರಟಿತು. ಇಷ್ಟು ವರ್ಷ ಹೊತ್ತಿದ್ದ ಭಾರ ಇಳಿದಂತಾಗಿ ನನಗೆ ಅಳು ಬಂತು. ಕಬ್ಬಿಣ ಅತ್ತರೆ ಯಾರಿಗೆ ಕಾಣುತ್ತದೆ!

ಖುಷಿ ಬಹಳ ದಿನ ಉಳಿಯಲಿಲ್ಲ. ಮೂರನೆಯ ದಿನ, ಜನವೆಲ್ಲ ಖಾಲಿಯಾದ ಮೇಲೆ, ಇನಾಮದಾರರು ಅವಳನ್ನು ನನ್ನ ಪಕ್ಕಕ್ಕೇ ಕರೆದು ನಿಲ್ಲಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ನೋಡವಾ, ನೀ ಹೇಳಿದ್ದು ಖರೇ ಅದ. ನಾನೂ ಅಳದು ನೋಡೀನಿ. ಆದ್ರ ಇದನ್ನ ಒಪ್ಪಿಕೊಂಡ್ರ ಇಷ್ಟು ವರ್ಷ ದಂಡಾ ಕೊಟ್ಟ ಮಂದಿ ಎಲ್ಲಾ ಬಾಗಲಿಗೆ ಬಂದು ನಿಲ್ತದ. ಮ್ಯಾಲಿನವರು ಮೊದಲು ನನ್ನ ಮನಿಗೆ ಕಳಸ್ತಾರ, ಆಮ್ಯಾಲೆ ನಿನ್ನ. ‘ಅಳೀಲಿಕ್ಕೆ ನಾನ ತಪ್ಪಿದೆ, ಪೆಟಗಿ ಸರಿ ಅದ’ ಅಂತ ಎರಡು ಸಾಲು ಬರದುಕೊಡು. ನಿನ್ನ ಖಾಯಂ ಆರ್ಡರ್ ನನ್ನ ಟೇಬಲ್ ಮ್ಯಾಲೇ ಅದ.”

“ನಾ ತಪ್ಪಿಲ್ಲಲ್ರಿ ಸರ್.”

“ನನಗ ಗೊತ್ತದವಾ.”

ಅವಳು ಆ ದಿನ ಬರೆಯಲಿಲ್ಲ. ಮರುದಿನವೂ ಬರೆಯಲಿಲ್ಲ. ಬರೆಯಬೇಡ ಎಂದು ನಾನು ನನ್ನ ಮೂಕ ಭಾಷೆಯಲ್ಲಿ ಕೂಗಿಕೊಂಡೆ. ಆದರೆ ಬಸಲಿಂಗವ್ವನ ಬೆನ್ನು ನೋವು ನನಗೂ ಗೊತ್ತಿತ್ತು, ಹಾಗಾಗಿ ಕೂಗು ಅಷ್ಟು ಜೋರಾಗಿ ಬರಲಿಲ್ಲ. ವಾರದ ಕೊನೆಗೆ ಅವಳು ಕಾಗದವನ್ನು ನನ್ನ ಬೋರ್ಡಿಗೆ ಆನಿಸಿ ಹಿಡಿದು ಎರಡು ಸಾಲು ಬರೆದಳು. ಕೆಳಗೆ ಸಹಿ ಹಾಕಿದಳು. ಪೆನ್ನಿನ ಒತ್ತು ನನ್ನವರೆಗೂ ಬಂತು.

ಹದಿನೈದು ದಿನದಲ್ಲಿ ಆರ್ಡರ್ ಕೈಗೆ ಬಂತು. ಅದಾದ ಮೇಲೆ ಮುಂಬಯಿಯಿಂದ ಒಬ್ಬ ಬಂದು ನನ್ನ ತಲೆಯ ಮೇಲಿನ ಬೋರ್ಡು ಕಿತ್ತು ಹೊಸದು ಹಚ್ಚಿದ. ನನ್ನನ್ನು ಒಂದಿಷ್ಟು ಅಗಲ ಮಾಡುತ್ತಾರೆಂದು ಕಾದಿದ್ದೆ, ಪೆದ್ದ ನಾನು. ಅವರು ನನ್ನನ್ನು ಮುಟ್ಟಲಿಲ್ಲ. ಬೋರ್ಡಿನ ಅಂಕಿಗಳನ್ನೇ ಒಂದು ಇಂಚು ಇಳಿಸಿದ್ದರು. ಬೇರೆ ಊರುಗಳಲ್ಲೂ ಅದೇ ಅಳತೆ ಬಂತಂತೆ. ಗೋಕುಲ ರಸ್ತೆಯ ಹಜರೇಸಾಬ ಮೇಸ್ತ್ರಿಯ ಕಿಟಕಿ ಲೆಕ್ಕ ಇಡೀ ಕಂಪನಿಯ ಕಾನೂನಾಯಿತು. ಪಾಪ, ಆ ಮನುಷ್ಯನಿಗೆ ಇದು ಗೊತ್ತೇ ಇಲ್ಲ.

ನೀಲಗಂಗಾ ಬದಲಾದಳು. ಕುರ್ಚಿ ಕೊಡುವುದು ನಿಂತಿತು. ಜನರ ಮುಖ ನೋಡುವುದನ್ನು ಬಿಟ್ಟು ಚೀಲವನ್ನಷ್ಟೇ ನೋಡತೊಡಗಿದಳು. ಅವಳು ಕೆಟ್ಟವಳಾದಳು ಎಂದು ನಾನು ಹೇಳಲಾರೆ. ದಣಿದಿದ್ದಳು ಅಷ್ಟೆ.

ಕೊನೆಗೂ ಬಸಲಿಂಗವ್ವ ವಿಮಾನ ಹತ್ತುವ ದಿನ ಬಂತು. ಇಲಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಸಾಲಿನಲ್ಲಿ ಎಲ್ಲರ ಹಾಗೆ ನಿಂತು ಬಂದಳು. ಕೈಯಲ್ಲಿ ಒಂದು ತೆಳ್ಳನೆಯ ಬಟ್ಟೆಯ ಚೀಲ.

“ಅವ್ವಾ, ಬುತ್ತಿ ಎಲ್ಲಿ? ಎರಡು ದಿನದಿಂದ ರೊಟ್ಟಿ ಬಡದು, ಶೇಂಗಾ ಹೋಳಿಗಿ ಮಾಡಿ ಕಟ್ಟಿದ್ದೆಲ್ಲ?”

“ಮನ್ಯಾಗ ಬಿಟ್ಟುಬಂದೆ.”

“ಯಾಕ? ಚಿಗವ್ವನ ಮನಿಗೆ ಬರಿಗೈಲೆ ಹೊಂಟೀ? ಹನ್ನೆರಡು ವರ್ಷದ ಮ್ಯಾಲೆ?”

ಮುದುಕಿ ದನಿ ತಗ್ಗಿಸಿದಳು. “ಇಷ್ಟು ಮಂದಿ ಮುಂದ ನಿನ್ನ ಪೆಟಗ್ಯಾಗ ಹಿಡಿಸಲಿಲ್ಲಂದ್ರ ನೀ ಏನ್ ಮಾಡ್ತಿ? ರೊಕ್ಕಾ ಕೇಳಿದ್ರ ನಿನ್ನ ಜೀವ ಮರಗತೈತಿ, ಬಿಟ್ರ ನಿನ್ನ ನೌಕರಿಗೆ ಬರತೈತಿ. ನನ್ನ ಸಲುವಾಗಿ ನಿನಗ ಮಾತು ಬರಬಾರದವಾ.”

ಹಾಗೆಂದು ಚೀಲವನ್ನು ತಾನೇ ನನ್ನೊಳಗೆ ಇಳಿಸಿದಳು. ಒಂದು ಸೀರೆ, ಒಂದು ಟವೆಲ್ಲು, ಮಾತ್ರೆಯ ಡಬ್ಬಿ. ಚೀಲ ತಳಕ್ಕೆ ಹೋಗಿ ಒಂದು ಮೂಲೆಗೆ ಒರಗಿಕೊಂಡಿತು. ಸುತ್ತ ಎಷ್ಟೊಂದು ಜಾಗ! ಅಷ್ಟು ಜಾಗ ನನ್ನಲ್ಲಿ ಇತ್ತೆಂದು ಅಂದಿನವರೆಗೆ ನನಗೇ ಗೊತ್ತಿರಲಿಲ್ಲ.

“ನೋಡು, ಹಿಡಿಸ್ತು,” ಎಂದು ಬಸಲಿಂಗವ್ವ ಹೆಮ್ಮೆಯಿಂದ ಮಗಳ ಮುಖ ನೋಡಿದಳು.

ನೀಲಗಂಗಾ ಬಗ್ಗಿ ಚೀಲ ತೆಗೆದುಕೊಟ್ಟಳು. ಬಗ್ಗಿದಾಗ ಅವಳ ಕಣ್ಣೀರು ನನ್ನ ತಗಡಿನ ಮೇಲೆ ಬಿತ್ತು. ಎದ್ದು ನಿಂತವಳು ಬಾಗಿಲು ದಾಟಿ ಬಯಲಿನಲ್ಲಿ ನಡೆದು ಹೋಗುವ ಅವ್ವನನ್ನು ನೋಡಲೂ ಇಲ್ಲ. ಹಿಂದಿನವನ ಚೀಲ ಆಗಲೇ ನನ್ನ ಬಾಯಲ್ಲಿ ಸಿಕ್ಕಿಕೊಂಡಿತ್ತು. “ಹಿಡಿಸೂದಿಲ್ರಿ, ಆಕಡೆ ಬರ್ರಿ,” ಎಂದಳು.

ಎರಡು ವರ್ಷದ ನಂತರ ಕಂಪನಿ ನಮ್ಮ ಊರಿನ ವಿಮಾನಗಳನ್ನು ನಿಲ್ಲಿಸಿತು. ಲಾಭವಿಲ್ಲವಂತೆ. ಖಾಯಂ ಆದವರಿಗೂ ಗುತ್ತಿಗೆಯವರಿಗೂ ಒಂದೇ ದಿನ ಒಂದೇ ಕಾಗದ ಬಂತು. ಇನಾಮದಾರರಿಗೂ ಬಂತು. ನನ್ನನ್ನು ಎಳೆದು ತಂದು ಹಿಂದಿನ ಉಗ್ರಾಣದಲ್ಲಿ, ಚಕ್ರ ಮುರಿದ ಗಾಲಿಕುರ್ಚಿಗಳ ನಡುವೆ ನಿಲ್ಲಿಸಿದರು. ಕಸ ಹೊಡೆಯುವ ಹೆಂಗಸು ನನ್ನೊಳಗೆ ಫಿನೈಲಿನ ಕ್ಯಾನು, ಪೊರಕೆ, ಒದ್ದೆ ಬಟ್ಟೆ ಇಡುತ್ತಾಳೆ. ಹಿಡಿಸಿತೋ ಇಲ್ಲವೋ ಎಂದು ಅವಳು ನೋಡುವುದಿಲ್ಲ. ಹಿಡಿಸದ್ದನ್ನು ಪಕ್ಕಕ್ಕಿಡುತ್ತಾಳೆ.

ಗುರುತಿನ ಚೀಟಿ ಮರಳಿಸಲು ಬಂದ ದಿನ ನೀಲಗಂಗಾ ಉಗ್ರಾಣದೊಳಗೆ ಬಂದಳು. ಗಾಲಿಕುರ್ಚಿಗಳನ್ನು ಸರಿಸಿ ನನ್ನ ಹತ್ತಿರ ಬಂದಳು. ಆಮೇಲೆ ಬ್ಯಾಗಿನಿಂದ ಚೀಲಗಳಿಗೆ ಗುರುತು ಹಾಕುವ ದಪ್ಪ ಪೆನ್ನು ತೆಗೆದು, ನನ್ನ ಮೇಲಂಚಿನ ಪೈಪಿನ ಮೇಲೆ, ಆತುರವಿಲ್ಲದೆ, ಶಾಲೆಯ ಮಕ್ಕಳಂತೆ ದುಂಡಗೆ ಬರೆದಳು: “ಈ ಪೆಟ್ಟಿಗೆ ಒಳಗೆ ಒಂದು ಇಂಚು ಕಡಿಮೆ ಇತ್ತು. ಅಳೆದವಳು ನಾನು. ನಾನು ತಪ್ಪಿರಲಿಲ್ಲ.” ಕೆಳಗೆ ಹೆಸರು ಬರೆದು, ತಾರೀಖು ಹಾಕಿದಳು. ಪೆನ್ನಿನ ಮುಚ್ಚಳ ಹಾಕಿ, ಬಾಗಿಲು ಎಳೆದುಕೊಂಡು ಹೋದಳು.

ಇನ್ನು ಕೆಲವು ದಿನಕ್ಕೆ ಗುಜರಿಯವನು ಬರುತ್ತಾನೆ. ಅವನು ನನ್ನನ್ನು ಅಳೆಯುವುದಿಲ್ಲ, ತೂಗುತ್ತಾನೆ. ಮೈಮೇಲಿನ ಅಕ್ಷರ ಓದುವ ಪುರುಸೊತ್ತು ಅವನಿಗಿರುವುದಿಲ್ಲ, ಓದಿದರೂ ತಲೆ ಬುಡ ತಿಳಿಯುವುದಿಲ್ಲ. ನನಗೆ ಅದರ ಚಿಂತೆಯಿಲ್ಲ. ಇಷ್ಟು ವರ್ಷ ನನ್ನ ತಲೆಯ ಮೇಲೆ ಯಾರ‍್ಯಾರೋ ಬರೆಸಿದ ಬೋರ್ಡುಗಳು ಬಂದವು, ಹೋದವು. ನನ್ನ ಬಗ್ಗೆ ಖರೆ ಮಾತು ಬರೆದವಳು ಅವಳೊಬ್ಬಳೇ. ಬರೆಯುವ ಹೊತ್ತಿಗೆ ಅವಳಿಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ.