ಇಂಗ್ಲಿಷ್ ಮಾತ್ರ ಬಲ್ಲ ಗೊಂಬೆ

ನಾನು ಹುಟ್ಟಿದ್ದು ಗುಳೇದಗುಡ್ಡದ ಒಂದು ದರ್ಜಿ ಅಂಗಡಿಯಲ್ಲಿ, ಕುಬಸ ಹೊಲಿದು ಉಳಿದ ಖಣದ ಚೂರುಗಳಿಂದ. ಮೈ ಕೆಂಪು, ಅಂಚು ಹಸಿರು, ತಲೆಯ ತುಂಬ ಹತ್ತಿ, ಹೊಟ್ಟೆ ಟೊಳ್ಳು. ಯಾರಾದರೂ ಕೈ ತೂರಿಸಿ, ತೋರುಬೆರಳನ್ನು ನನ್ನ ತಲೆಗೂ ಹೆಬ್ಬೆರಳು ನಡುಬೆರಳುಗಳನ್ನು ನನ್ನ ತೋಳುಗಳಿಗೂ ಕೊಟ್ಟರೆ ನಾನು ತಲೆಯಾಡಿಸುತ್ತೇನೆ, ಚಪ್ಪಾಳೆ ತಟ್ಟುತ್ತೇನೆ. ಕೈ ಹೊರಗೆ ಹೋದರೆ ಮಡಿಸಿಟ್ಟ ಬಟ್ಟೆ. ನಾನೊಂದು ಕೈಗೊಂಬೆ.

ನನ್ನನ್ನು ಹೊಲಿಸಿದವಳು ಫೆಮ್ಕೆ. ನೆದರ್‌ಲ್ಯಾಂಡ್ಸ್‌ನವಳು. ತನ್ನ ಕಾಲೇಜಿನ ಬೇಸಿಗೆ ರಜೆಯಲ್ಲಿ ಆರು ವಾರ ನಮ್ಮೂರಿನ ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದಿದ್ದಳು. ಸಂಬಳವಿಲ್ಲದ ಸೇವೆ. ಅವಳನ್ನು ಕಳಿಸಿದ ಸಂಸ್ಥೆ ಅದಕ್ಕೆ ಬೇಸಿಗೆ ಶಿಬಿರ ಎಂದು ಹೆಸರಿಟ್ಟಿತ್ತು. ನಮ್ಮಲ್ಲಿ ಆಗ ಆಷಾಢ. ಗಾಳಿಗೆ ಹಾರಿಹೋಗದಿರಲೆಂದು ಶಾಲೆಯ ತಗಡಿನ ಮೇಲೆ ಕಲ್ಲು ಹೇರಿದ್ದರು. ಬಾಗಿಲಿಗೆ ಕಟ್ಟಿದ ಬ್ಯಾನರಿನಲ್ಲಿ ಮಾತ್ರ ಹಳದಿ ಸೂರ್ಯ ನಗುತ್ತಿದ್ದ.

ಫೆಮ್ಕೆಯನ್ನು ದರ್ಜಿ ರಾಚಪ್ಪನ ಅಂಗಡಿಗೆ ಕರೆದುಕೊಂಡು ಬಂದವರು ಶಾಲೆಯ ಇಂಗ್ಲಿಷ್ ಟೀಚರು ಬನ್ನಟ್ಟಿ ಅಕ್ಕೋರು.

"ಗೊಂಬಿಗೆ ಯಾರರ ಖಣಾ ಹಾಕ್ತಾರೇನ್ರಿ ಅಕ್ಕೋರ?" ಎಂದ ರಾಚಪ್ಪ.

"ಹಾಕೋ ಮಾರಾಯಾ. ಅಷ್ಟ್ ದೂರದಿಂದ ಬಂದಾಳ."

"ಬಂದಾಳ, ಖರೆ. ಆದ್ರ ಕಣ್ಣಿಗೆ ಜೋಡಿ ಗುಂಡಿ ಇಲ್ಲ. ಒಂದು ಕೋಟಿಂದು, ಒಂದು ಅಂಗೀದು. ನಡೀತೈತೇನ್ ಕೇಳ್ರಿ."

ನಡೆಯಿತು. ಒಂದು ದೊಡ್ಡ ಕಣ್ಣು, ಒಂದು ಸಣ್ಣ ಕಣ್ಣು. ಬಾಯಿಯೆಂದರೆ ಕಪ್ಪು ದಾರದ ಒಂದು ಗೆರೆ. ನಾನು ಮೊದಲು ಕೇಳಿದ್ದು ಈ ಮಾತುಗಳನ್ನು. ಮರುದಿನವೇ ತರಗತಿಯಲ್ಲಿ ನನ್ನನ್ನು ಮಿಸ್ಟರ್ ಟಿಮ್ ಎಂದು ಪರಿಚಯಿಸಿದರು. ಊರು ಲಂಡನ್. ಇವನಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಮಕ್ಕಳೆಲ್ಲ ಇವನ ಜೊತೆ ಇಂಗ್ಲಿಷಿನಲ್ಲೇ ಮಾತಾಡಬೇಕು. ರಾಚಪ್ಪನ ಅಂಗಡಿಯಿಂದ ಶಾಲೆಗೆ ಮುನ್ನೂರು ಹೆಜ್ಜೆ. ನಾನು ಮಾಡಿದ ಅತಿ ದೂರದ ಪ್ರಯಾಣ ಅದು. ಮಕ್ಕಳು ಮಿಸ್ಟರನ್ನು ಕೈಬಿಟ್ಟು ನನ್ನನ್ನು ಟಿಮ್ಮಪ್ಪ ಎಂದು ಕರೆದರು.

ಆರು ವಾರ ಮುಗಿದ ದಿನ ಫೆಮ್ಕೆ ಅತ್ತಳು, ಮಕ್ಕಳೂ ಅತ್ತರು. ನನ್ನನ್ನು ಮುಂದಿನವರಿಗಾಗಿ ಸ್ಟಾಫ್ ರೂಮಿನ ಕಪಾಟಿನಲ್ಲಿಟ್ಟು ಹೋದಳು.

ಮರುವರ್ಷ ಆಷಾಢಕ್ಕೆ ಬಂದದ್ದು ಕ್ಯಾಲಮ್ ಎಂಬ ದಪ್ಪ ಹುಡುಗ. ಅವನ ಕೈ ಬೆವರುತ್ತಿತ್ತು. ಫೆಮ್ಕೆ ಏನು ಕಲಿಸಿದ್ದಳೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಪುಸ್ತಕದಲ್ಲಿ ಮೊದಲ ದಿನದ ಪಾಠ ಬಣ್ಣಗಳದ್ದಾಗಿತ್ತು. ಅವನು ಕೆಂಪು ಕಾರ್ಡು ಎತ್ತಿ ಹಿಡಿದು ಕೇಳಿದ. ತರಗತಿ ಸುಮ್ಮನೆ ಕೂತಿತು. ರೆಡ್, ಎಂದು ಅವನೇ ಹೇಳಿಕೊಟ್ಟ. ಮೂರನೆಯ ಸಲಕ್ಕೆ ಮಕ್ಕಳು ತಡವರಿಸುತ್ತ ರೆಡ್ ಎಂದರು. ಅವನು ಸಂತೋಷಕ್ಕೆ ನನ್ನ ಸಮೇತ ಕುಣಿದ.

ಅವರೆಲ್ಲರಿಗೂ ಆ ಪದ ಹಿಂದಿನ ವರ್ಷದಿಂದಲೇ ಗೊತ್ತಿತ್ತು. ಊಟದ ಬಿಡುವಿನಲ್ಲಿ, ನಾನು ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದ್ದಾಗ, ಕಾಶೀಬಾಯಿ ಎಂಬ ಆರನೆಯ ತರಗತಿಯ ಹುಡುಗಿ ಹೊಸದಾಗಿ ಸೇರಿದ ಮಲ್ಲವ್ವನಿಗೆ ಪಾಠ ಹೇಳುತ್ತಿದ್ದಳು.

"ಲಗೂನ ಹೇಳಬ್ಯಾಡ. ಮೂರ್ ಸಲ ಅಂವ ಹೇಳ್ಲಿ, ಆಮ್ಯಾಲ ಹೇಳು. ಹೆಂಗ್ ಕುಣೀತಾನ ನೋಡು."

"ಗೊತ್ತಿದ್ರೂ ಹೇಳಬಾರದೇನ?"

"ಗೊತ್ತೈತಿ ಅಂದ್ರ ಪಾಪ ಮಾರಿ ಸಣ್ಣದಾಕೈತವಾ ಅವರದು. ಇಮಾನದಾಗ ಬಂದಾರ."

ಮೂರನೆಯ ವರ್ಷ ಬಂದವರೂ ಬಣ್ಣಗಳಿಂದಲೇ ಶುರು ಮಾಡಿದರು. ಆಮೇಲೆ ಪ್ರಾಣಿಗಳು, ಹಣ್ಣುಗಳು, ತಲೆ, ಭುಜ, ಮೊಣಕಾಲು. ಆರು ವಾರ ಅಲ್ಲಿಗೆ ಮುಗಿಯುತ್ತಿತ್ತು. ಬನ್ನಟ್ಟಿ ಅಕ್ಕೋರು ಆ ಆರು ವಾರ ಸ್ಟಾಫ್ ರೂಮಿನಲ್ಲಿ ಕೂತು ಬೇರೆ ತರಗತಿಗಳ ನೋಟ್‌ಬುಕ್ ತಿದ್ದುತ್ತಿದ್ದರು. ಅವರ ಪೀರಿಯಡ್ಡುಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟಿದ್ದರು ಹೆಡ್‌ಮಾಸ್ಟರು.

ಅಕ್ಕೋರ ಬಗ್ಗೆ ಒಂದು ಮಾತು ಹೇಳಬೇಕು. ಯಾವುದಾದರೂ ಹುಡುಗಿಯನ್ನು ಶಾಲೆ ಬಿಡಿಸುತ್ತಾರೆಂದು ಕಿವಿಗೆ ಬಿದ್ದರೆ ಅವರು ಆ ಮನೆಯ ಬಾಗಿಲಲ್ಲಿ ಹೋಗಿ ಕೂರುತ್ತಿದ್ದರು. ಚಹಾ ಕೊಟ್ಟರೆ ಕುಡಿಯುತ್ತಿರಲಿಲ್ಲ, ಎದ್ದು ಬರುತ್ತಲೂ ಇರಲಿಲ್ಲ. ಹಾಗೆ ಕೂತು ಇಬ್ಬರು ಹುಡುಗಿಯರನ್ನು ವಾಪಸು ತಂದಿದ್ದರು. ಊರಿನಲ್ಲಿ ಎಲ್ಲರಿಗೂ ಇದು ಗೊತ್ತಿತ್ತು.

ನಾಲ್ಕನೆಯ ವರ್ಷ ಬಂದವಳು ಎಲೆನ್. ಹತ್ತೊಂಬತ್ತು ವರ್ಷ, ತೆಳ್ಳಗಿನ ಬೆರಳುಗಳು, ಉಗುರು ಕಚ್ಚುವ ಅಭ್ಯಾಸ. ಇದುವರೆಗೆ ನನ್ನೊಳಗೆ ಬಂದ ಕೈಗಳಲ್ಲಿ ಅವಳದೇ ಮೃದು. ಅಡುಗೆಯವಳನ್ನು ದಿನವೂ "ಊಟ ಆಯ್ತಾ" ಎಂದು ಕೇಳುತ್ತಿದ್ದಳು, ಹಾಗಾಗಿ ಅವಳಿಗೆ ಕನ್ನಡ ಬರುತ್ತದೆಂದು ಮಕ್ಕಳು ನಂಬಿದ್ದರು. ಅವಳಿಗೆ ಬರುತ್ತಿದ್ದದ್ದು ಆ ಎರಡು ಪದ ಮಾತ್ರ.

ಅವಳು ಹೊಸದೊಂದು ಆಟ ತಂದಳು. ಶುಕ್ರವಾರ ಮಧ್ಯಾಹ್ನ ವಾಚನಾಲಯದ ಕೋಣೆಯಲ್ಲಿ ಅಡ್ಡ ಪರದೆ ಕಟ್ಟಿ, ತಾನು ಹಿಂದೆ ಅಡಗಿ ಕೂತು, ನನ್ನೊಬ್ಬನನ್ನೇ ಮೇಲೆತ್ತುವುದು. ಮಕ್ಕಳು ಒಬ್ಬೊಬ್ಬರಾಗಿ ಬಂದು ಮಿಸ್ಟರ್ ಟಿಮ್ ಜೊತೆ ಎರಡು ನಿಮಿಷ ಮಾತಾಡುವುದು. ನಾಚುವ ಮಕ್ಕಳಿಗೆ ಇದರಿಂದ ಧೈರ್ಯ ಬರುತ್ತದೆಂದು ಅವಳ ನಂಬಿಕೆ.

ನಾಲ್ಕನೆಯ ಶುಕ್ರವಾರ ಕಾಶೀಬಾಯಿಯ ಸರದಿ. ಅವಳೀಗ ಎಂಟನೆಯ ತರಗತಿ. ಎಲೆನ್ ಬಂದ ಮೇಲೆ ಒಂದು ಪೂರ್ತಿ ವಾಕ್ಯವನ್ನೂ ಆಡಿರಲಿಲ್ಲ. ಗೊತ್ತಿಲ್ಲದವಳಂತೆ ಕೂರುವುದರಲ್ಲಿ ಅವಳು ಅಷ್ಟು ಪಳಗಿದ್ದಳು. ಆ ದಿನ ಬಾಗಿಲು ಮುಚ್ಚಿ ಬಂದು ಪರದೆಗೆ ತೀರ ಹತ್ತಿರ ನಿಂತಳು. ಪರದೆಯ ಹಿಂದೆ ಇದ್ದ ಎಲೆನ್‌ಗೆ ಅವಳ ಮುಖ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು.

"ಟಿಮ್ಮಪ್ಪಾ," ಎಂದಳು, ಒಂದೇ ಉಸಿರಿಗೆ. "ಅವ್ವ ಆಣಿ ಹಾಕ್ಯಾಳ, ಯಾ ಮನಶಾರ ಮುಂದೂ ಬಾಯಿ ಬಿಡಬ್ಯಾಡ ಅಂತ. ನೀ ಮನಶಾ ಅಲ್ಲ, ಅದಕ್ಕ ನಿನಗ ಹೇಳಾಕತ್ತೀನಿ. ಐತವಾರ ಗಾಡಿ ಬರ್ತೈತಿ. ತಮಿಳುನಾಡಿನ ನೂಲಿನ ಗಿರಣಿಗೆ ನನ್ನ ಕಳಸ್ತಾರ. ಮೂರ್ ವರ್ಷ ಅಲ್ಲೇ ಇರಬೇಕಂತ, ನಡುವ ಬರಂಗಿಲ್ಲಂತ. ಮಾವ ಎಲ್ಲಾ ಮಾತಾಡಿ ಬಂದಾನ. ನನಗ ಹೋಗಾಕ ಮನಸಿಲ್ಲ. ಅಕ್ಕೋರಿಗೆ ಗೊತ್ತಾದ್ರ ಅವರು ಬಿಡೂದಿಲ್ಲ, ಮನಿ ಮುಂದ ಬಂದು ಕುಂದರ್ತಾರ. ಆದ್ರ ನಾ ಹೇಳಂಗಿಲ್ಲ. ಮಿಸ್ ಕೇಳಿಸ್ಕೊಂಡು ಹೇಳಿದ್ರ ಅದು ನಾ ಹೇಳಿದಂಗಲ್ಲ. ಹೌದಿಲ್ಲೋ?"

ನನಗೆ ಒಂದೊಂದು ಮಾತೂ ಅರ್ಥವಾಯಿತು. ನನ್ನೊಳಗಿನ ಕೈಗೆ ಅರ್ಥವಾಗಿದ್ದು ಇಷ್ಟೇ: ಹುಡುಗಿ ಆಟದ ನಿಯಮ ಮರೆತಿದ್ದಾಳೆ. ಎಲೆನ್ ನನ್ನ ತಲೆಯನ್ನು ಅಡ್ಡಡ್ಡ ಆಡಿಸಿದಳು. ನನ್ನ ಒಂದು ಕೈಯನ್ನು ಕಿವಿಯ ಬಳಿ ತಂದಳು. ಗೊಂಬೆಯ ಕೀರಲು ದನಿಯಲ್ಲಿ, "ಓ ನೋ! ಮಿಸ್ಟರ್ ಟಿಮ್, ನೋ ಕನ್ನಡ! ಇಂಗ್ಲಿಷ್, ಪ್ಲೀಸ್!" ಎಂದಳು.

ಕಾಶಿ ಇನ್ನೊಮ್ಮೆ ಹೇಳಿದಳು, ಈ ಸಲ ನಿಧಾನವಾಗಿ, ಕಿವುಡರಿಗೆ ಹೇಳುವ ಹಾಗೆ. "ಐತವಾರ. ಗಾಡಿ. ಅಕ್ಕೋರಿಗೆ ಹೇಳ್ರಿ."

"ಇಂಗ್ಲಿಷ್, ಪ್ಲೀಸ್!"

ಅವಳು ಹುಡುಕಿದಳು. ಹುಡುಕುವುದು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು. ನಾಲ್ಕು ಆಷಾಢಗಳ ಇಂಗ್ಲಿಷಿನಲ್ಲಿ ಕೆಂಪು ಇತ್ತು, ನೀಲಿ ಇತ್ತು, ಸಿಂಹ, ಮಂಗ, ಮಾವಿನಹಣ್ಣು, ಮೊಣಕಾಲು ಇದ್ದವು. ಗಿರಣಿ ಇರಲಿಲ್ಲ. ಆಣೆ ಇರಲಿಲ್ಲ. ನನ್ನನ್ನು ಕಳಿಸುತ್ತಿದ್ದಾರೆ ಎನ್ನುವುದಕ್ಕೆ ಬೇಕಾದ ಯಾವುದೂ ಇರಲಿಲ್ಲ. ಆ ವಾರ ಎಲೆನ್ ಗುಂಡು ಮುಖಗಳ ಚಿತ್ರ ಬರೆದು ನಗುವವರ, ಅಳುವವರ ಪಾಠ ಮಾಡಿದ್ದಳು. ಕೊನೆಗೆ ಕಾಶಿಗೆ ಅದು ಸಿಕ್ಕಿತು.

"ಐ ಆ್ಯಮ್ ಸ್ಯಾಡ್," ಎಂದಳು.

ನನ್ನೊಳಗೆ ಎಲೆನ್ ಕೈ ಜಿಗಿಯಿತು. ನಾಲ್ಕು ವಾರ ಬಾಯಿ ಬಿಡದ ಹುಡುಗಿ ಪೂರ್ತಿ ವಾಕ್ಯ ಹೇಳಿದ್ದಳು! ನನ್ನ ಎರಡು ಕೈಗಳೂ ಒಂದಕ್ಕೊಂದು ಬಡಿದವು, ಮತ್ತೆ ಬಡಿದವು, ನಿಲ್ಲದೆ ಬಡಿದವು. "ವೆರಿ ಗುಡ್, ಕಾಶಿ! ವೆರಿ ಗುಡ್!" ನಾನು ಚಪ್ಪಾಳೆ ತಟ್ಟುತ್ತಿದ್ದೆ. ತಟ್ಟದಿರಲು ನನ್ನಲ್ಲಿ ಎಲುಬಿಲ್ಲ.

ಎಲೆನ್ ಪರದೆ ಸರಿಸಿ ಹೊರಗೆ ಬಂದಳು. ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿ ಕಾಶಿಯ ಮುಖ ಒಂದು ಕ್ಷಣ ಬೆಳಗಿತು. ಮಿಸ್‌ಗೆ ತಿಳಿಯಿತು ಎಂದುಕೊಂಡಿರಬೇಕು. ಎಲೆನ್ ಅವಳ ಕೆನ್ನೆಗೆ ಚಿನ್ನದ ಬಣ್ಣದ ನಕ್ಷತ್ರ ಅಂಟಿಸಿದಳು. ನನ್ನನ್ನು ಅವಳ ಭುಜದ ಮೇಲೆ ಕೂರಿಸಿ, ಸ್ಮೈಲ್ ಎಂದು ಹೇಳಿ ಫೋಟೋ ತೆಗೆದಳು. ಆ ಪದ ಕಾಶಿಗೆ ಬರುತ್ತಿತ್ತು. ನಕ್ಕಳು. ಆಮೇಲೆ ಬಾಗಿಲವರೆಗೆ ಹೋಗಿ, ತಿರುಗಿ ನಿಂತು, ಎಲೆನ್ ಕೈಬೀಸುವುದನ್ನು ನೋಡಿ ಹೊರಟುಹೋದಳು.

ಸೋಮವಾರ ಎಲೆನ್ ಹಾಜರಿ ಕರೆದಾಗ ಉತ್ತರ ಬರಲಿಲ್ಲ. "ಕಾಶಿ ನೋ," ಎಂದಳು ಮಲ್ಲವ್ವ. ಪೂರ್ತಿ ವಾಕ್ಯದಲ್ಲಿ ಹೇಳಬೇಕು ಎಂದು ಎಲೆನ್ ನಗುತ್ತ ತೋರಿಸಿಕೊಟ್ಟಳು. ನನ್ನ ತಲೆ ತಾಳ ಹಾಕಿತು. ಇಡೀ ತರಗತಿ ಒಕ್ಕೊರಲಿನಿಂದ ಮೂರು ಸಲ ಹೇಳಿತು: "ಕಾಶಿ ಈಸ್ ನಾಟ್ ಹಿಯರ್."

ಜ್ವರವಿರಬೇಕು ಎಂದುಕೊಂಡಿದ್ದ ಅಕ್ಕೋರಿಗೆ ನಿಜ ತಿಳಿದದ್ದು ಎಲೆನ್ ಊರಿಗೆ ಹೋದ ಮೇಲೆ, ಅವರ ಪೀರಿಯಡ್ಡು ಅವರಿಗೆ ಮರಳಿದಾಗ. ಅವತ್ತು ಸಂಜೆ ಕಾಶಿಯ ಮನೆಗೆ ಹೋಗಿ ಬಾಗಿಲಲ್ಲಿ ಕೂತರಂತೆ. "ದುಡಿಯಾಕ ಹೋಗ್ಯಾಳ ಬಿಡ್ರಿ ಅಕ್ಕೋರ, ಓಡಿ ಏನ್ ಹೋಗಿಲ್ಲಲ್ಲ," ಎಂದನಂತೆ ಮಾವ. ಮರುದಿನ ಸ್ಟಾಫ್ ರೂಮಿನಲ್ಲಿ ಅಕ್ಕೋರು ಹೇಳುತ್ತಿದ್ದುದನ್ನು ಕಪಾಟಿನಿಂದ ಕೇಳಿದೆ. "ಎರಡ್ ದಿನ ಮೊದಲ ಒಂದ್ ಮಾತು ಕಿವೀಗೆ ಬಿದ್ದಿದ್ರ," ಎಂದು ಅವರು ವಾಕ್ಯ ಮುಗಿಸಲಿಲ್ಲ.

ಮುಂದಿನ ಆಷಾಢಕ್ಕೆ ಹೊಸ ಬ್ಯಾನರ್ ಬಂತು. ಸೂರ್ಯನ ಜಾಗದಲ್ಲಿ ಕಾಶಿಯ ಮುಖ, ಕೆನ್ನೆಯ ಮೇಲೆ ನಕ್ಷತ್ರ, ಭುಜದ ಮೇಲೆ ನಾನು. ಕೆಳಗೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ, ತನ್ನ ದನಿಯನ್ನು ಕಂಡುಕೊಂಡ ಹುಡುಗಿ, ಎಂದಿತ್ತು. ಆ ವರ್ಷ ಬಂದವರು ಅದರ ಮುಂದೆ ನಿಂತು ಕೆಂಪು ಕಾರ್ಡು ಎತ್ತಿ ಹಿಡಿದರು. ಅದಾದ ಮೇಲೆ ಸಂಸ್ಥೆ ಬೇರೆ ದೇಶಕ್ಕೆ ಹೋಯಿತು. ನಾನು ಒಂದು ವರ್ಷ ಅಂಗನವಾಡಿಯಲ್ಲಿದ್ದೆ. ಅಲ್ಲಿಯ ಮಕ್ಕಳು ನನ್ನ ಕಿವಿ ಜಗಿದರು. ಕೆಂಪು ಮಾಸಿತು, ಕೋಟಿನ ಗುಂಡಿ ಉದುರಿತು. ಒಕ್ಕಣ್ಣನಾಗಿ ಶಾಲೆಗೆ ಮರಳಿ ಅಕ್ಕೋರ ಮೇಜಿನ ಡ್ರಾದಲ್ಲಿ, ಸ್ಟಾಂಪ್ ಪ್ಯಾಡಿನ ಪಕ್ಕ ಬಿದ್ದುಕೊಂಡೆ. ಆಮೇಲೆ ಯಾವ ಕೈಯೂ ನನ್ನೊಳಗೆ ಬರಲಿಲ್ಲ. ಸದ್ಯ, ಎಂದುಕೊಳ್ಳುತ್ತಿದ್ದೆ.

ಈ ಶ್ರಾವಣದಲ್ಲಿ ಒಬ್ಬಳು ಹೆಂಗಸು ಕೆಮ್ಮುತ್ತ ಒಳಗೆ ಬಂದಳು. ಹೆಂಗಸಲ್ಲ, ಕಾಶಿ, ಹದಿನೇಳು ವರ್ಷ. ಮೂರು ವರ್ಷ ಗಿರಣಿಯ ಹತ್ತಿಯ ಧೂಳು ಕುಡಿದು ಬಂದಿದ್ದಳು. ಬೇರೆ ಕಡೆ ಕೆಲಸಕ್ಕೆ ಸೇರಲು ಹುಟ್ಟಿದ ತಾರೀಖಿನ ದಾಖಲೆ ಬೇಕಾಗಿತ್ತು. ಅಕ್ಕೋರು ಸ್ಟಾಂಪ್ ಹುಡುಕಲು ಡ್ರಾ ಎಳೆದು, ಅಡ್ಡ ಬಂದ ನನ್ನನ್ನು ಎತ್ತಿ ಮೇಜಿನ ಮೇಲೆ ಎಸೆದರು.

"ನನಗ ಒಂದ್ ಮಾತು ಹೇಳಬಾರದಾಗಿತ್ತೇನವಾ, ಕಾಶೀ?" ಎಂದರು, ಕಾಗದದಿಂದ ತಲೆ ಎತ್ತದೆ. ಮೂರು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ.

"ಹೇಳಿದ್ನಲ್ರೀ."

"ಯಾರಿಗೆ?"

"ಈ ಟಿಮ್ಮಪ್ಪಗ." ಕಾಶಿ ನನ್ನನ್ನು ಎತ್ತಿಕೊಂಡಳು. ಮಕ್ಕಳಿಗೆ ನನ್ನೊಳಗೆ ಕೈ ಹಾಕಲು ಎಂದೂ ಬಿಟ್ಟಿರಲಿಲ್ಲ, ಅವಳ ಕೈ ಒಳಗೆ ಬಂದದ್ದು ಅದೇ ಮೊದಲು. ದಾರ ಕೊಯ್ದು ಕೊಯ್ದು ಒಡೆದಿದ್ದ ಬೆರಳ ತುದಿಗಳು ನನ್ನ ಒಳಹೊಲಿಗೆಗೆ ಸಿಕ್ಕಿಕೊಂಡವು. "ಎಲ್ಲಾ ಹೇಳಿದೆ. ಹಿಂಗ ಚಪ್ಪಾಳಿ ಹೊಡೀತ್ರಿ," ಎಂದು ತೋರಿಸಿದಳು. ನನ್ನ ಕೈಗಳು ಒಂದಕ್ಕೊಂದು ತಾಗಿದವು. ಬಟ್ಟೆಯ ಕೈಗಳು, ಸದ್ದಾಗಲಿಲ್ಲ. ಅವಳು ನಕ್ಕಳು, ನಗು ಕೆಮ್ಮಾಯಿತು.

ಅಕ್ಕೋರು ಪೆನ್ನು ಕೆಳಗಿಟ್ಟರು. "ಅವತ್ತು ಇದಕ್ಕ ಏನೇನ್ ಹೇಳಿದ್ದಿ? ಈಗ ನನಗ ಹೇಳು."

ಕಾಶಿ ನನ್ನನ್ನು ಕೈಯಿಂದ ಕಳಚಿ ಮೇಜಿನ ಮೇಲಿಟ್ಟಳು. "ನೆನಪಿಲ್ಲ ಬಿಡ್ರಿ ಅಕ್ಕೋರ. ಏನೋ ಹುಡುಗಾಟಿಕಿ. ಸ್ಟಾಂಪ್ ಹೊಡೀರಿ, ನಾಕ್ ಗಂಟೆ ಬಸ್ಸೈತಿ."

ಸ್ಟಾಂಪ್ ಬಿತ್ತು. ಅವಳು ಕಾಗದ ಮಡಿಸಿಕೊಂಡು ಹೋದಳು. ಕೆಮ್ಮು ಗೇಟಿನವರೆಗೂ ಕೇಳಿಸುತ್ತಿತ್ತು. ಅಕ್ಕೋರು ನನ್ನನ್ನು ಎತ್ತಿ, ಮುಖದ ಹತ್ತಿರ ಹಿಡಿದು, ಉಳಿದಿದ್ದ ಒಂದು ಕಣ್ಣನ್ನೇ ನೋಡುತ್ತ ಕೂತರು. ಏನೋ ಕೇಳುವವರ ಹಾಗೆ.

ನನಗೆ ನೆನಪಿತ್ತು. ಐತವಾರ, ಗಾಡಿ, ಆಣಿ, ಮಾವ, ಒಂದಕ್ಷರವೂ ಬಿಟ್ಟಿರಲಿಲ್ಲ, ಅವಳ ದನಿ ಎಲ್ಲಿ ನಡುಗಿತ್ತೆಂಬುದೂ ಸೇರಿ. ಅವಳೇ ಮರೆತ ಮೇಲೆ ಲೋಕದಲ್ಲಿ ಅದು ಗೊತ್ತಿರುವುದು ನನಗೊಬ್ಬನಿಗೇ. ಅಕ್ಕೋರು ಕಾದರು. ನಾನು ಕಪ್ಪು ದಾರದ ಬಾಯಿ ಹೊತ್ತು ಅವರ ಕೈಯಲ್ಲಿ ಜೋತುಬಿದ್ದಿದ್ದೆ.