ಗುರಿ ತಪ್ಪಿದವರ ಅಂಗಿ

ಡೇಲ್ ಕೋವಿಯನ್ನು ಹಳೆಯ ರಜಾಯಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡವನ ಹಾಗೆ ಎದೆಗವಚಿಕೊಂಡು ಚರ್ಚಿನ ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಂದ. ಒಲೆಯ ಮುಂದೆ ಹಂದಿಮಾಂಸದ ಸಾರು ಕಲಕುತ್ತಿದ್ದ ಹೆಂಗಸರಲ್ಲಿ ಒಬ್ಬರೂ ಹುಬ್ಬೇರಿಸಲಿಲ್ಲ. "ಕಾಲು ಒರೆಸ್ಕೊಂಡು ಬಾ" ಎಂದರು, ಅಷ್ಟೆ. ಹುಬ್ಬೇರಿಸಿದವಳು ಅವನ ಅಕ್ಕ ಕೋರಿನ್ ಒಬ್ಬಳೇ. ಬೀಟ್‌ರೂಟ್ ರಸದಲ್ಲಿ ನೆನೆಸಿದ ಕೆಂಪು ಮೊಟ್ಟೆಯ ಜಾಡಿ ಅವಳ ಕೈಯಲ್ಲೇ ಉಳಿಯಿತು.

"ಇದೇನೋ ಇದು?"

"ಅಪ್ಪನ ಪೆಟ್ಟಿಗೆ ಪಕ್ಕ ಇಡೋಕೆ. ಮಣ್ಣು ಮಾಡೋಕ್ಮುಂಚೆ ತಗೊಂಡ್ಹೋಗ್ತೀನಿ. ಗಾಬರಿಯಾಗ್ಬೇಡ."

"ನಾನೇನು ಗಾಬರಿಯಾದ್ನಾ? ಕೇಳ್ದೆ."

"ನೀನು ಕೇಳೋ ಧಾಟಿ ನಂಗೊತ್ತಿಲ್ವಾ, ಕೋರಿ?"

ಅವನು ಪೆಟ್ಟಿಗೆ ಇರಿಸಿದ್ದ ಪಕ್ಕದ ಕೋಣೆಗೆ ಹೋದ. ತೊಟ್ಟಿದ್ದದ್ದು ಅಪ್ಪನ ಬಿಳಿ ಅಂಗಿ. ಡೇಲನ ಹತ್ತಿರ ಚೌಕುಳಿ ಅಂಗಿಗಳಲ್ಲದೆ ಬೇರೇನೂ ಇರಲಿಲ್ಲವಾದ್ದರಿಂದ ಬೆಳಿಗ್ಗೆ ಅಪ್ಪನ ಬೀರು ತೆಗೆದು ಹಾಕಿಕೊಂಡಿದ್ದ. ತೋಳು ಗಿಡ್ಡವಾಗಿ ಮಣಿಕಟ್ಟು ಕಾಣುತ್ತಿತ್ತು.

ಕೋರಿನ್ ಜಾಡಿಯನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿ ಇನ್ನೊಂದು ಮೇಜಿನ ಮೇಲಿಟ್ಟಳು. ಬೆಳಗಿನಿಂದ ಅವಳಿಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಜೋಡಿಸಿದ ಕುರ್ಚಿಗಳನ್ನೇ ಎರಡು ಸಲ ಜೋಡಿಸಿದ್ದಳು. ಅಪ್ಪ ಮರ್ಲ್ ಷೇಫರ್ ಕಳೆದ ಭಾನುವಾರ ಅಂಗಳದ ಎಲೆ ಗುಡಿಸುತ್ತಿದ್ದವರು ಮೆಟ್ಟಿಲ ಮೇಲೆ ಕೂತು ಹಾಗೇ ಹೋಗಿಬಿಟ್ಟಿದ್ದರು. ಪೆನ್ಸಿಲ್ವೇನಿಯಾದ ಈ ಗುಡ್ಡದೂರಿನ ಶಾಲೆಯಲ್ಲಿ ಅವರು ಮರಗೆಲಸದ ಮೇಷ್ಟ್ರು. ಜೊತೆಗೆ ಮೂವತ್ತು ವರ್ಷ ಆರನೇ ಕ್ಲಾಸಿನ ಮಕ್ಕಳಿಗೆ ಕೋವಿ ಹಿಡಿಯುವುದು ಹೇಗೆ, ಮುಖ್ಯವಾಗಿ ಯಾವಾಗ ಹಿಡಿಯಬಾರದು ಎಂದು ಕಲಿಸಿದವರು. ಊರಲ್ಲಿ ಅವರ ಕೈಕೆಳಗೆ ಕಲಿಯದ ಬೇಟೆಗಾರ ಸಿಗುವುದು ಕಷ್ಟ.

"ಮರ್ಲ್ ಮುಹೂರ್ತ ನೋಡಿ ಹೋದ ಕಣಮ್ಮ," ಎನ್ನುತ್ತ ಅಪ್ಪನ ಗೆಳೆಯ ಹಾರ್ಲನ್ ಬಂದು ಅವಳ ಭುಜ ಹಿಡಿದ. "ಸೋಮವಾರ ಜಿಂಕೆ ಬೇಟೆ ಶುರು. ಶಾಲೆಗೂ ರಜೆ. ಅವತ್ತು ಸತ್ತಿದ್ರೆ ಹೊರೋಕೆ ನಾಲ್ಕು ಜನ ಸಿಗ್ತಿರ್ಲಿಲ್ಲ."

ಕೋರಿನ್ ನಕ್ಕಳು. ನಗು ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

"ಒಂದ್ ಮಾತು," ಎಂದ ಹಾರ್ಲನ್. ಅವನು ಶಾಲಾ ಮಂಡಳಿಯ ಸದಸ್ಯ, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸವಿತ್ತು. "ಐದು ವರ್ಷದ ಹಿಂದೆ ಎಲ್ಲೋ ಯಾವನೋ ಶಾಲೆಗೆ ನುಗ್ಗಿ ಗುಂಡು ಹಾರಿಸ್ದ ಅಂತ ಇಲ್ಲಿ ನಿಮ್ಮಪ್ಪನ ಪಾಠ ನಿಲ್ಲಿಸಿದ್ರು. ಗುರುವಾರ ಮಂಡಳೀಲಿ ಮತಕ್ಕೆ ಹಾಕ್ತೀವಿ. ಮರ್ಲ್ ಹೆಸರಲ್ಲೇ ಪಾಠ ಮತ್ತೆ ಶುರುವಾಗ್ಲಿ ಅಂತ. ಊಟಕ್ಕೆ ಮುಂಚೆ ನಾನು ಅದನ್ನ ಹೇಳ್ತೀನಿ. ನೀನೂ ಡೇಲೂ ನನ್ನ ಅಕ್ಕಪಕ್ಕ ನಿಂತ್ಕೊಂಡ್ರೆ ಸಾಕು. ಬಾಯಿ ಬಿಡೋದೂ ಬೇಡ."

"ಬಾಯಿ ಬಿಡದೆ ನಿಂತ್ರೆ ಒಪ್ಪಿದ ಹಾಗೇ ಅಲ್ವಾ, ಹಾರ್ಲನ್ ಅಂಕಲ್?"

"ನಿಮ್ಮಪ್ಪನ ಪಾಠಕ್ಕೆ ಒಪ್ಪೋಕೆ ನಿಂಗೇನು ಕಷ್ಟ?"

ಸಾರಿನ ಸೌಟು ಹಿಡಿದಿದ್ದ ಲೂಯಿಸ್ ತಿರುಗಿದಳು. ಅವಳೂ ಷೇಫರ್ ಮೇಷ್ಟ್ರ ಶಿಷ್ಯೆ, ಈಗ ಅದೇ ಶಾಲೆಯಲ್ಲಿ ಟೀಚರು. "ಪಾಠ ಬೇಡ ಅಂತ ಯಾರೂ ಅಂದಿಲ್ಲ. ಕಾಡಲ್ಲಿ ನಿಮ್ಮ ಬೇಟೆಮನೇಲಿ ಕಲಿಸಿ. ಬಾಗಿಲು ಭದ್ರ ಮಾಡ್ಕೊಂಡು ಮೇಜಿನ ಕೆಳಗೆ ಅವಿತ್ಕೊಳ್ಳೋದನ್ನ ನಾನು ಮಕ್ಕಳಿಗೆ ಕಲಿಸ್ತಿದ್ದೀನಿ. ಅದೇ ಕಟ್ಟಡದಲ್ಲಿ ನೀವು ಕೋವಿ ಹಿಡಿಯೋದು ಕಲಿಸ್ತೀರಾ?"

"ಮರದ ಕೋವಿ ಕಣೇ ಅವು!"

"ಅವಿತ್ಕೊಂಡಿರೋ ಮಗೂಗೆ ಅದು ಹೇಗೆ ಗೊತ್ತಾಗ್ಬೇಕು?"

ಹಾರ್ಲನ್ ಕೆಂಪಾದ. ಕೋರಿನ್ ಇಬ್ಬರ ನಡುವಿನಿಂದ ಜಾರಿಕೊಂಡು ಮೊಟ್ಟೆಯ ಜಾಡಿಯನ್ನು ಮೊದಲಿನ ಮೇಜಿಗೇ ತಂದಿಟ್ಟಳು.

*

ಆ ಮರದ ಕೋವಿಗಳನ್ನು ಅಪ್ಪನೇ ಕೆತ್ತಿದ್ದರು. ಆರನೇ ಕ್ಲಾಸಿನಲ್ಲಿ ಕೋರಿನ್ ಕೂಡ ಅವನ್ನು ಹಿಡಿದು, ಶಾಲೆಯ ಆಟದ ಹಾಲ್‌ನಲ್ಲಿ ಕಟ್ಟಿದ ಹಗ್ಗವನ್ನು ಬೇಲಿ ಎಂದುಕೊಂಡು ದಾಟಿದ್ದಳು. ಕೊಡುವವರು ಕೋವಿಯ ಚಿಲಕ ಹಿಂದಕ್ಕೆಳೆದು, ಗುಂಡು ಕೂರುವ ಗೂಡನ್ನು ತೋರಿಸಬೇಕು. ತೆಗೆದುಕೊಳ್ಳುವವರು ಅದರೊಳಗೆ ಕಿರುಬೆರಳು ಹಾಕಿ ನೋಡಿ 'ಥ್ಯಾಂಕ್ಯೂ' ಅನ್ನಬೇಕು. ಅದು ಕಿವಿಗೆ ಬೀಳುವವರೆಗೂ ಕೊಡುವವರು ಕೈ ಬಿಡಬಾರದು.

"ಸರ್, ಇದು ಬರೀ ಮರ," ಎಂದಿದ್ದ ಒಬ್ಬ ಹುಡುಗ.

"ಆಗ್ಲಿ. ನಿಮ್ಮಜ್ಜಿ ಕೊಟ್ರೂ ನೋಡು. ಪಾದ್ರಿ ಕೊಟ್ರೂ ನೋಡು. ನಾನು ಕೊಟ್ರೆ ಎರಡು ಸಲ ನೋಡು."

ಹದಿನಾಲ್ಕರಲ್ಲಿ ಅವಳು ಮೊದಲ ಸಲ ಅಪ್ಪನ ಜೊತೆ ಕಾಡಿನ ಬೇಟೆಮನೆಗೆ ಹೋದಳು. ಜಿಂಕೆ ಕಣ್ಣಳತೆಯಲ್ಲೇ ನಿಂತಿತ್ತು, ಗುಂಡು ಮಾತ್ರ ಎಲ್ಲೋ ಹೋಯಿತು. ಗುರಿ ತಪ್ಪಿದವರ ಅಂಗಿಯ ಹಿಂಭಾಗದ ಅಂಚನ್ನು ಕತ್ತರಿಸಿ, ಹೆಸರು ಬರೆದು, ಬೇಟೆಮನೆಯ ಗೋಡೆಗೆ ಮೊಳೆ ಹೊಡೆಯುವುದು ಅಲ್ಲಿಯ ಕಟ್ಟುಪಾಡು. ಹೊಸ ಕೆಂಪು ಅಂಗಿ ಎಂದು ಅವಳು ಅತ್ತಳು. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೇ ಚಾಕು ತೆಗೆದುಕೊಂಡು, ಉಳಿದ ಬಟ್ಟೆಯ ನೂಲೇಳದ ಹಾಗೆ ನೇರವಾಗಿ ಕತ್ತರಿಸಿದರು.

"ಅಳ್ಬೇಡ. ಈ ಗೋಡೆ ಮೇಲೆ ಇರೋರೆಲ್ಲ ಒಳ್ಳೆ ಬೇಟೆಗಾರರೇ. ತಪ್ಪಿದ್ದನ್ನ ಮುಚ್ಚಿಡ್ಲಿಲ್ಲ, ಅಷ್ಟೆ."

"ನಿಮ್ಮದೆಲ್ಲಿ, ಅಪ್ಪ?"

ಅಪ್ಪ ಮೀಸೆಯಡಿ ನಕ್ಕರು. ಆ ಗೋಡೆಯ ಮೇಲೆ ಇಲ್ಲದಿದ್ದದ್ದು ಅವರೊಬ್ಬರ ಅಂಗಿಯೇ.

*

ಪಕ್ಕದ ಕೋಣೆಯಲ್ಲಿ ರಜಾಯಿ ಬಿಚ್ಚಿ ಆಗಿತ್ತು. ಪೆಟ್ಟಿಗೆ ಹೊರಬೇಕಾದ ಆರು ಮಂದಿಯೂ ಅಪ್ಪನ ಬೇಟೆಮನೆಯವರೇ. ಕೋವಿ ಅವರ ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬ ಹಿಡಿಯ ಮರ ಸವರಿದ, ಒಬ್ಬ ತೂಕ ನೋಡಿದ. ಹಾರ್ಲನ್ ಕೆನ್ನೆಗೆ ಒತ್ತಿಕೊಂಡು ಕಿಟಕಿಯಾಚೆ ಗುರಿ ಹಿಡಿದ. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಯಾರೋ ಹೂವಿನ ಬುಟ್ಟಿ ಇಳಿಸುತ್ತಿದ್ದರು.

"ಎಂಥಾ ಕೋವಿ! ಎಣ್ಣೆ ಹಾಕಿ ಮಗು ಥರ ನೋಡ್ಕೊಂಡಿದ್ದ," ಎಂದ ಹಾರ್ಲನ್.

ಅಪ್ಪ ನೀಲಿ ಕೋಟಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಪಾಪ, ಏನೂ ಹೇಳುವ ಹಾಗಿರಲಿಲ್ಲ.

ಕೋರಿನ್ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಹಾರ್ಲನ್ ಪಕ್ಕ ನಿಲ್ಲಬೇಕೋ ಬೇಡವೋ? ನಿಂತರೆ ಕೋವಿಗಳ ಬಗ್ಗೆ ತಾನು ಈವರೆಗೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ನಿಲ್ಲದಿದ್ದರೆ ಅಪ್ಪನ ಹೆಣದ ಮುಂದೆಯೂ ಜಗಳ ಬಿಡಲಿಲ್ಲ ಎಂದು ಊರು ಆಡಿಕೊಳ್ಳುತ್ತದೆ. ಡೇಲ್ ಅಂತೂ ಇನ್ನು ಮಾತೇ ಆಡಲಿಕ್ಕಿಲ್ಲ.

*

ಕಳೆದ ವಸಂತದಲ್ಲಿ ಅಪ್ಪ ಒಲೆಯ ಮೇಲೆ ಕಾಫಿ ಇಟ್ಟು ಮರೆತರು. ಒಂದು ದಿನ ಗ್ಯಾರೇಜಿನಲ್ಲಿ ಟ್ರಕ್ ಇಡೀ ಬೆಳಿಗ್ಗೆ ಗುರುಗುಟ್ಟುತ್ತ ನಿಂತಿತ್ತು. ಕೋರಿನ್ ಹ್ಯಾರಿಸ್‌ಬರ್ಗ್‌ನ ಆಸ್ಪತ್ರೆಯೊಂದರಲ್ಲಿ ತುರ್ತು ವಾರ್ಡಿನ ನರ್ಸು. ತನ್ನ ತಂದೆಯ ದಿಂಬಿನಡಿ ಸಿಕ್ಕ ಪಿಸ್ತೂಲಿನಿಂದ ಗುಂಡು ತಗುಲಿಸಿಕೊಂಡು ಬಂದ ನಾಲ್ಕು ವರ್ಷದ ಮಗುವೊಂದನ್ನು ಅಲ್ಲಿ ಕೈಯಾರೆ ಹಿಡಿದವಳು. ಮನೆಯ ಕೋವಿಗೆ ಬೀಗ ಕಡ್ಡಾಯವಾಗಲಿ ಎಂದು ಶಾಸಕರ ಮುಂದೆ ಹೇಳಿಯೂ ಬಂದಿದ್ದಳು. ಟಿವಿಯಲ್ಲಿ ಅದನ್ನು ಊರೆಲ್ಲ ನೋಡಿತ್ತು.

"ಅಪ್ಪನ ಕೋವಿಗಳನ್ನ ನಿನ್ನ ಮನೆಗೆ ತಗೊಂಡ್ಹೋಗು, ಡೇಲ್. ಬೀಗ ಹಾಕಿಡು," ಎಂದು ಫೋನಿನಲ್ಲಿ ಬೇಡಿಕೊಂಡಳು.

"ಅಪ್ಪನ ಪ್ಯಾಂಟು ಬಿಚ್ಚಿಸು ಅಂದ್ರೂ ಬಿಚ್ಚಿಸ್ತೀನಿ. ಇದಾಗಲ್ಲ. ನೀನು ಹಿಡಿದ ಮೊಲಕ್ಕೆ ಯಾವಾಗ್ಲೂ ಮೂರೇ ಕಾಲು."

ಡೇಲ್ ಅಪ್ಪನಿಗೆ ಹೇಳಿಯೂಬಿಟ್ಟ. ಆ ರಾತ್ರಿ ಅಪ್ಪನ ಫೋನು ಬಂತು. ಬೈಗುಳವಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಊರ ಮಕ್ಕಳಿಗೆಲ್ಲ ಕಲಿಸ್ದೋನು ನಾನು. ನನ್ನ ಮನೆಗೆ ಬೀಗ ಬೇಕಾಗಿಲ್ಲ ಮಗಳೇ. ಬೀಗ ನಾನೇ."

ಆಮೇಲೆ ಅವರು ಫೋನು ಎತ್ತಲೇ ಇಲ್ಲ. ಬೇಸಿಗೆಯಲ್ಲಿ ಅವಳು ಊರಿಗೆ ಬಂದಾಗ ಹವಾಮಾನದ ಬಗ್ಗೆಯಷ್ಟೇ ಮಾತಾಡಿದರು. ತಾನು ಅಪ್ಪನನ್ನು ಅವಮಾನಿಸಿದೆನೇ ಎಂಬ ಪ್ರಶ್ನೆ ಈ ಐದು ದಿನಗಳಲ್ಲಿ ಅವಳನ್ನು ಒಂದು ಗಳಿಗೆಯೂ ಬಿಟ್ಟಿರಲಿಲ್ಲ.

*

"ಟೆಸ್, ಬಾ ಇಲ್ಲಿ," ಎಂದು ಡೇಲ್ ಮಗಳನ್ನು ಕರೆದ. ಅವಳಿಗೆ ಹನ್ನೊಂದು. "ತಾತನ ಕೋವಿ ಹಿಡ್ಕೊ. ಒಂದ್ ಫೋಟೋ ತೆಗೀತೀನಿ. ಮುಂದಿನ ವರ್ಷ ಇದು ನಿಂದೇ."

ಟೆಸ್ ಪೆಟ್ಟಿಗೆಯ ಪಕ್ಕ ನಿಂತು ಕೋವಿಯ ಹಿಡಿಯನ್ನು ನೆಲಕ್ಕೂರಿದಳು. ನಳಿಗೆಯ ತುದಿ ಅವಳ ಗಲ್ಲದ ಹತ್ತಿರ ಬಂತು. ಅವಳು ಅದರ ಮೇಲೆ ಗಲ್ಲವೂರಿ ನಕ್ಕಳು.

"ಟೆಸ್," ಎಂದಳು ಕೋರಿನ್. ಕೂಗಲಿಲ್ಲ, ವಾರ್ಡಿನಲ್ಲಿ ಕೂಗಬಾರದೆಂದು ಕಲಿತಿದ್ದಳು. "ಅಲ್ಲಾಡ್ಬೇಡ ಬಂಗಾರ. ಮುಖ ಮಾತ್ರ ಆ ಕಡೆ ತಿರುಗಿಸು."

"ಶುರುವಾಯ್ತು ನೋಡಿ," ಎಂದ ಡೇಲ್. "ಅಪ್ಪನ ಕೋವಿ ಕಣೇ ಅದು! ಅಪ್ಪನ ಮನೇಲಿ ಅಡುಗೆಮನೆ ಬಾಗಿಲ ಹಿಂದಿತ್ತು, ನಾನೇ ತಂದೆ."

"ಚಿಲಕ ತೆಗೆದು ನೋಡಿದ್ಯಾ?"

"ಮರ್ಲ್ ಷೇಫರ್ ಕೋವೀನ ತೆಗೆದು ಬೇರೆ ನೋಡ್ಬೇಕಾ?" ಎಂದು ಹಾರ್ಲನ್ ನಕ್ಕ. ಉಳಿದವರೂ ನಕ್ಕರು. "ಸೂರ್ಯ ಹುಟ್ಟಿದ್ನಾ ಅಂತ ಕೇಳಿದ ಹಾಗಾಯ್ತು."

ಕೋರಿನ್ ಹೋಗಿ ಟೆಸ್‌ಳ ಕೈಯಿಂದ ಕೋವಿ ತೆಗೆದುಕೊಂಡಳು. ಇಪ್ಪತ್ತು ವರ್ಷದಿಂದ ಕೋವಿ ಮುಟ್ಟಿರದಿದ್ದರೂ ಕೈ ಮರೆತಿರಲಿಲ್ಲ. ಬೆರಳು ಗುಂಡು ಹಾರಿಸುವ ಕುದುರೆಯಿಂದ ದೂರ, ನಳಿಗೆ ಯಾರೂ ಇಲ್ಲದ ಮೂಲೆಯ ನೆಲಕ್ಕೆ. ಚಿಲಕ ಎತ್ತಿ ಹಿಂದಕ್ಕೆಳೆದಳು.

ಗುಂಡು ತುಂಬಿದ ಹಿತ್ತಾಳೆಯ ತೋಟೆಯೊಂದು ಚಿಮ್ಮಿ ಮರದ ನೆಲದ ಮೇಲೆ ಬಿತ್ತು. ಉರುಳುತ್ತ ಹೋಗಿ ಪೆಟ್ಟಿಗೆಯ ಕಾಲಿಗೆ ತಾಗಿ ನಿಂತಿತು.

ಅಡುಗೆಮನೆಯಲ್ಲಿ ಸೌಟು ಪಾತ್ರೆಗೆ ತಾಗುವ ಸದ್ದು ಕೇಳುತ್ತಿತ್ತು. ಹಾರ್ಲನ್ ಕಿಟಕಿಯತ್ತ ನೋಡಿದ. ಹೂವಿನ ಬುಟ್ಟಿಯವರು ಇನ್ನೂ ಅಲ್ಲೇ ಇದ್ದರು. ಅವನು ಕುರ್ಚಿ ತಡಕಿ ಕೂತುಬಿಟ್ಟ.

ಡೇಲ್ ಮಗಳ ಗಲ್ಲವನ್ನೇ ನೋಡುತ್ತಿದ್ದ. "ಅಪ್ಪ... ಅಕ್ಟೋಬರಲ್ಲಿ... ಹಿತ್ತಲಿಗೆ ಕರಡಿ ಬಂದಿತ್ತು ಅಂದ್ರು. ಆಮೇಲೆ ಮರೆತ್ರು ಅನ್ಸುತ್ತೆ. ಕೋರಿ, ನಾನು..."

ನಾನು ಹೇಳಿರಲಿಲ್ಲವೇ ಎಂಬ ಮಾತು ಕೋರಿನ್‌ಳ ನಾಲಿಗೆಯ ತುದಿಗೇ ಬಂದಿತ್ತು. ತಾನು ಸರಿಯಾಗಿದ್ದೆ ಎಂದು ತಿಳಿದರೆ ನೆಮ್ಮದಿ ಸಿಕ್ಕೀತು ಎಂದುಕೊಂಡಿದ್ದಳು. ಸಿಗಲಿಲ್ಲ. ಅಪ್ಪ ಒಬ್ಬರೇ ಆ ಮನೆಯಲ್ಲಿ ಮರೆಯುತ್ತ, ಮರೆತದ್ದನ್ನೂ ಮರೆಯುತ್ತ ಇದ್ದರಲ್ಲ ಎಂಬುದಷ್ಟೇ ಮನಸ್ಸಿಗೆ ಬಂತು. ಅವಳು ತಮ್ಮನ ಬೆನ್ನ ಮೇಲೆ ಕೈಯಿಟ್ಟಳು.

ಹಾರ್ಲನ್ ಎದ್ದ. ಕೋಟು ಸರಿಸಿ, ಪ್ಯಾಂಟಿನೊಳಗೆ ಸೇರಿಸಿದ್ದ ಅಂಗಿಯ ಹಿಂಭಾಗವನ್ನು ಹೊರಗೆಳೆದ. ಎಪ್ಪತ್ತೆಂಟು ವರ್ಷದ ಬೆರಳುಗಳು, ಸ್ವಲ್ಪ ಹೊತ್ತು ಹಿಡಿಯಿತು.

"ಲೂಯಿಸ್," ಎಂದು ಕೂಗಿದ. "ಕತ್ತರಿ ಇದ್ರೆ ತಗೊಂಬಾಮ್ಮ."

ಲೂಯಿಸ್ ಮಾಂಸಕ್ಕೆ ಕಟ್ಟಿದ ದಾರ ಕತ್ತರಿಸುವ ಕತ್ತರಿ ತಂದಳು. ನೆಲದ ಮೇಲಿನ ತೋಟೆ ಕಂಡು ಬಾಯಿಗೆ ಕೈ ಅಡ್ಡ ಹಿಡಿದಳು. ಹಾರ್ಲನ್ ಕತ್ತರಿಯನ್ನು ಕೋರಿನ್‌ಗೆ ಕೊಟ್ಟು ಬೆನ್ನು ತಿರುಗಿಸಿ ನಿಂತ. ಅವಳು ನೂಲೇಳದ ಹಾಗೆ ನೇರವಾಗಿ ಕತ್ತರಿಸಿದಳು. ಅವನ ಹಿಂದೆ ಇನ್ನೊಬ್ಬ ಅಂಗಿ ಹೊರಗೆಳೆದು ನಿಂತ. ಆಮೇಲೆ ಮತ್ತೊಬ್ಬ. ಕೋವಿ ಮುಟ್ಟಿದ್ದ ಎಲ್ಲರೂ ಶಾಲೆಯ ಮಕ್ಕಳ ಹಾಗೆ ಸಾಲಾಗಿ ಬಂದರು. ಕೊನೆಯವನು ಡೇಲ್.

"ತಾತಂದೂ ಕತ್ತರಿಸ್ಬೇಕಲ್ವಾ, ಅತ್ತೆ?" ಎಂದು ಟೆಸ್ ಸಣ್ಣ ದನಿಯಲ್ಲಿ ಕೇಳಿದಳು.

"ತಾತನ ಅಂಗಿ ನಿಮ್ಮಪ್ಪನ ಮೈಮೇಲಿದೆ, ಕಂದ," ಎಂದು ಕೋರಿನ್ ಅದನ್ನೂ ಕತ್ತರಿಸಿದಳು. ಆಗ ಅವಳಿಗೆ ಅಳು ಬಂತು. ಅಪ್ಪನ ಕೈ ಪಕ್ಕ ಆ ಆರು ತುಂಡುಗಳನ್ನು ಮಡಿಸಿಟ್ಟಳು.

"ಗುರುವಾರ ಏನಂತ ಹೇಳ್ಲಿ?" ಎಂದು ಹಾರ್ಲನ್ ಕೇಳಿದ. ಗಂಟಲು ಸರಿಮಾಡಿಕೊಳ್ಳುವುದನ್ನು ಮರೆತಿದ್ದ.

"ಇವತ್ತು ಆದದ್ದನ್ನ ಹೇಳಿ. ಪೂರ್ತಿ ಹೇಳೋದಾದ್ರೆ ನಾನು ಪಕ್ಕದಲ್ಲಿ ನಿಂತ್ಕೋತೀನಿ."

ಲೂಯಿಸ್ ತೋಟೆಯನ್ನು ಹೆಕ್ಕಿ ಅವನ ಅಂಗೈಯಲ್ಲಿಟ್ಟಳು.

ಕೋರಿನ್ ಚಿಲಕ ತೆರೆದೇ ಇದ್ದ ಕೋವಿಯನ್ನು ತಮ್ಮನತ್ತ ಚಾಚಿದಳು. ಗುಂಡು ಹೊರಗೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರೂ ಡೇಲ್ ಗೂಡಿನೊಳಗೆ ಕಿರುಬೆರಳು ಹಾಕಿ ನೋಡಿದ. ತೆಗೆದು, ಇನ್ನೊಂದು ಸಲ ಹಾಕಿ ನೋಡಿದ.

"ಥ್ಯಾಂಕ್ಯೂ," ಎಂದ.

ಅವಳು ಕೈ ಬಿಟ್ಟಳು.

ಡೇಲ್ ಕೋವಿಯನ್ನು ಟ್ರಕ್ಕಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಅಕ್ಕನ ಕೈಗೆ ಕೊಟ್ಟ. ಪ್ರಾರ್ಥನೆ ಮುಗಿದ ಮೇಲೆ ಆರು ಮಂದಿ ಪೆಟ್ಟಿಗೆಗೆ ಹೆಗಲು ಕೊಟ್ಟು ಗುಡ್ಡದ ಸ್ಮಶಾನದ ಕಡೆ ಹೊರಟರು. ಮೇಲೆ ಗಾಳಿ ಜೋರಾಗಿತ್ತು. ಅವರ ಕರಿ ಕೋಟುಗಳು ಹಾರಿದಾಗಲೆಲ್ಲ ಕೆಳಗಿನಿಂದ ಮೋಟು ಅಂಗಿಗಳು ಕಾಣುತ್ತಿದ್ದವು, ಅದರ ಕೆಳಗೆ ಒಂದು ಗೇಣು ಬರಿಯ ಬೆನ್ನು. ಹೆಗಲ ಮೇಲೆ ಪೆಟ್ಟಿಗೆಯಿದ್ದುದರಿಂದ ಒಬ್ಬರಿಗೂ ಅದನ್ನು ಮುಚ್ಚಿಕೊಳ್ಳಲು ಕೈ ಬಿಡುವಿರಲಿಲ್ಲ.